ಕ್ವಾ ಸೌಮು ಎಂಬ ನಿಲ್ದಾಣ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಶಾಲೆ ಅರ್ಧಕ್ಕೇ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ಒಂದೊಂದು ವಾಕ್ಯವನ್ನೂ ಮೊದಲು ಬೇರೆ ಹಾಳೆಯಲ್ಲಿ ಬರೆದು ನೋಡಿ, ಆಮೇಲೆ ಇಲ್ಲಿ ಇಳಿಸಿದ್ದೇನೆ. ಸೌಮು ನನಗಿಂತ ಬಹಳ ಹಿರಿಯಳು. ಎದುರಿಗೆ ಸಿಕ್ಕರೆ ‘ಶಿಕಮೂ’ ಎಂದು ತಲೆ ತಗ್ಗಿಸದೆ ನಾನು ಮುಂದೆ ಹೋಗುವವಳಲ್ಲ. ಆದರೂ ಇಲ್ಲಿ ‘ಅವಳು’ ಎಂದೇ ಬರೆದಿದ್ದೇನೆ. ಕಥೆಯಲ್ಲಿ ಬಹುವಚನ ಹಚ್ಚಿದರೆ ಮನುಷ್ಯರು ದೂರ ಹೋಗಿ ನಿಂತ ಹಾಗೆ ಕಾಣುತ್ತಾರೆ. ಬರೆಯಲು ಅವಳೇ ಒಪ್ಪಿದ್ದಾಳೆ. “ಬರಿ, ಆದ್ರೆ ನನ್ ನಾದಿನಿ ಹಿದಾಯಾ ಆಡಿದ್ದನ್ನೂ ಬಿಡದೆ ಬರಿ” ಎಂದಿದ್ದಾಳೆ.

ದಾರ್ ಎಸ್ ಸಲಾಮ್ ಪಟ್ಟಣದ ದಕ್ಷಿಣಕ್ಕೆ, ಕಿಲ್ವಾ ರಸ್ತೆಯ ಏರಿನ ನೆತ್ತಿಯಲ್ಲಿ ಒಂದು ಕಾಡುಬಾದಾಮಿ ಮರವಿದೆ. ಅದರ ಕೆಳಗೆ ಸೌಮು ಇದ್ದಿಲ ಒಲೆ ಇಟ್ಟುಕೊಂಡು ಗುಳಿಹಂಚಿನಲ್ಲಿ ವಿತುಂಬುವಾ ಬೇಯಿಸುತ್ತಿದ್ದಳು. ಅಕ್ಕಿ ಹಿಟ್ಟು, ತೆಂಗಿನ ಹಾಲು, ಸಕ್ಕರೆ, ಏಲಕ್ಕಿ. ನೋಡಲು ಪಡ್ಡಿನ ಹಾಗೆ, ಬಾಯಿಗಿಟ್ಟರೆ ಸಿಹಿ. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಆಗ ಅಲ್ಲಿ ನಿಲ್ದಾಣವೇ ಇರಲಿಲ್ಲ. ಏರು ಹತ್ತಿ ಸುಸ್ತಾದ ಒಂದು ದಲಾದಲಾ ಬಸ್ಸು ನಿಂತಿತು, ಹಸಿದ ಚಾಲಕ ಇಳಿದ. ಮರುದಿನ ಅವನ ಹಿಂದೆ ಇನ್ನೊಬ್ಬ. ಅವರು ತಿಂದು ಕೈ ತೊಳೆಯುವಷ್ಟರಲ್ಲಿ ಜನ ಹತ್ತಿ ಇಳಿಯತೊಡಗಿದರು. ನಮ್ಮ ಕಡೆ ನಿಲ್ದಾಣಕ್ಕೆ ಯಾರೂ ಕೂತು ಹೆಸರಿಡುವುದಿಲ್ಲ. ಕಂಡಕ್ಟರ್ ಕೂಗಿದ್ದೇ ಹೆಸರು.

“ಕ್ವಾ ಸೌಮು! ಕ್ವಾ ಸೌಮು ಇಳಿಯೋರು ಬನ್ನಿ, ಬನ್ನಿ!”

ಕ್ವಾ ಎಂದರೆ ಅವರ ಹತ್ತಿರ, ಅವರ ಬಾಗಿಲಲ್ಲಿ. ಮಸೀದಿಯ ಬಾಂಗು ಬಿಟ್ಟರೆ ಆ ಏರಿನಲ್ಲಿ ಹೆಚ್ಚು ಕೇಳುವ ಕೂಗು ಅದೇ. ಸೌಮು ಕೇಳಿಸಿಕೊಳ್ಳದವಳ ಹಾಗೆ ಹಂಚಿನ ಮೇಲೆ ಬಗ್ಗಿರುತ್ತಿದ್ದಳು. ಆದರೆ ಒಂದು ಬಸ್ಸು ಕೂಗದೆ ಹೋದರೆ ಅವತ್ತಿಡೀ ಅವಳ ಮುಖ ಗಂಟು.

ಆ ಕೂಗು ಸಹಿಸದಿದ್ದವಳು ಒಬ್ಬಳೇ, ನಾದಿನಿ ಹಿದಾಯಾ. ಮಾವ ತೀರಿಕೊಂಡಾಗ ಜಮೀನು ಹಂಚಿಕೆಯಾಗಿತ್ತು. ಮಗನಿಗೆ, ಅಂದರೆ ಸೌಮುವಿನ ಗಂಡನಿಗೆ, ರಸ್ತೆಯಂಚಿನ ನೆತ್ತಿ. ಮಗಳು ಹಿದಾಯಾಗೆ ಅದರ ಅರ್ಧ, ಅದೂ ಇಳಿಜಾರಿನ ಬುಡದಲ್ಲಿ. ಕೆಲವು ವರ್ಷಗಳ ಹಿಂದೆ ಅವಳ ಮನೆಯೆದುರಿನ ಬಯಲಿನಲ್ಲಿ ಸರ್ಕಾರದವರು ಮಾರುಕಟ್ಟೆ ಕಟ್ಟಿದಾಗ ಹಿದಾಯಾ ಊರಿಗೆಲ್ಲ ಪಿಲಾವು ಹಂಚಿದ್ದಳು. ಆದರೆ ಮಾರುಕಟ್ಟೆ ಕಟ್ಟಿದವರು ರಸ್ತೆಯವರನ್ನು ಒಂದು ಮಾತು ಕೇಳಿರಲಿಲ್ಲ. ರಸ್ತೆಯವರು ಬಂದು ಮಾರುಕಟ್ಟೆಗೂ ರಸ್ತೆಗೂ ನಡುವೆ ಆಳದ ಚರಂಡಿ ತೋಡಿಬಿಟ್ಟರು. ಇಳಿಜಾರಿನಲ್ಲಿ ಓಟ ಹಿಡಿದ ದಲಾದಲಾ ಅಲ್ಲಿ ನಿಲ್ಲಲೂ ಇಲ್ಲ. ಬಂದ ವ್ಯಾಪಾರಿಗಳು ಬಂದ ದಾರಿ ಹಿಡಿದರು. ಸಿಮೆಂಟಿನ ಕಟ್ಟೆಗಳ ಮೇಲೆ ಆಡುಗಳು ಮಲಗಿದವು.

ನಮ್ಮ ಹೆಂಗಸರು ಬಾಯಿಬಿಟ್ಟು ಆಡಲಾರದ್ದನ್ನು ಬಟ್ಟೆಯಲ್ಲಿ ಆಡುತ್ತಾರೆ. ಸುತ್ತಿಕೊಳ್ಳುವ ಕಾಂಗಾದ ಅಂಚಿನಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ತಾಗಬೇಕಾದವಳ ಮುಂದೆ ಬೆನ್ನು ತಿರುಗಿಸಿ ನಿಂತರೆ ಸಾಕು. ಆ ವರ್ಷ ಸೌಮು ಕೊಂಡ ಕಾಂಗಾದ ಸಾಲು ಹೀಗಿತ್ತು: ‘ಬಾಗಿಲು ತೆರೆದಿಟ್ಟ ಮಾತ್ರಕ್ಕೆ ನೆಂಟರು ಬರುವುದಿಲ್ಲ.’ ಅದನ್ನು ಉಟ್ಟು, ಬೇಕಿಲ್ಲದಿದ್ದರೂ ನೀರಿಗೆಂದು ಹಿದಾಯಾಳ ಮನೆಯ ನಲ್ಲಿಗೆ ಇಳಿದು ಹೋಗಿ ಬಂದಳು.

ಹೀಗಿದ್ದ ಕಾಲ ತಿರುಗಿತು. ರಸ್ತೆಯ ನಡುವೆ ವೇಗದ ಬಸ್ಸಿಗೆ ಬೇರೆಯೇ ದಾರಿ ಬರುತ್ತದೆ, ಕಂಡ ಕಂಡಲ್ಲಿ ನಿಲ್ಲುವುದಿಲ್ಲ ಎಂಬ ಸುದ್ದಿ ಬಂತು. ಈ ಸಲ ಜಮೀನಿನ ನಕ್ಷೆ ಮಾಡುವವರೂ ಬಸ್ಸಿನ ದಾರಿ ಮಾಡುವವರೂ ಒಂದೇ ಮೇಜಿಗೆ ಕೂತಿದ್ದಾರಂತೆ. ನಿಲ್ದಾಣ ಮಾರುಕಟ್ಟೆಯ ಬಾಯಿಗೇ ಬರುತ್ತದಂತೆ. ಸುತ್ತ ಆಸ್ಪತ್ರೆ, ಬಾಡಿಗೆ ಮನೆಗಳು, ಚರಂಡಿಯ ಮೇಲೆ ಅಗಲವಾದ ಚಪ್ಪಡಿ.

ಸುದ್ದಿ ತಂದವನು ಕಂಡಕ್ಟರ್ ಚಾಂಡೆ. ಅವನು ಬಾಯಲ್ಲಿ ವಿತುಂಬುವಾ ಇಟ್ಟುಕೊಂಡೇ ಹೇಳಿದ, “ಸೌಮಕ್ಕಾ, ನಿನ್ ನಾದಿನಿ ಮನೆ ಮುಂದೇನೇ ಬಸ್ ನಿಲ್ಲುತ್ತಂತೆ. ಅದೃಷ್ಟ ಅಂದ್ರೆ ಅದು.”

“ಅಗಿದು ನುಂಗಿ ಮಾತಾಡೋ. ಯಾರು ಹೇಳಿದ್ದು?”

“ಎಲ್ಲಾರೂ ಹೇಳ್ತಿದಾರೆ. ಅವಳು ಗೋಡೆಗೆ ಬಣ್ಣ ಬೇರೆ ಹೊಡಿಸ್ತಿದಾಳೆ.”

ಸೌಮುಗೆ ಒಲೆಯ ಬೆಂಕಿ ಹೊಟ್ಟೆಗೇ ಇಳಿದ ಹಾಗಾಯಿತು. ಹಂಚಿನಲ್ಲಿದ್ದುದೆಲ್ಲ ಸೀದು ಕಪ್ಪಾಯಿತು. ಅವತ್ತಿನಿಂದ ಅವಳಿಗೆ ಊಟ ಸೇರಲಿಲ್ಲ. ಉಗಾಲಿ ಮುದ್ದೆ ಮುರಿಯುವಾಗಲೂ ಕಣ್ಣು ಇಳಿಜಾರಿನ ಕಡೆಗೇ. ಹಿದಾಯಾಳ ಗೋಡೆ ಎಳೆ ಹಸಿರು. ಅವಳ ಜಗಲಿಗೆ ಹೊಸ ತಗಡು. ಅವಳ ನಲ್ಲಿ ಮನೆಯಂಗಳದಲ್ಲೇ. ಇಷ್ಟು ವರ್ಷ ಲೆಕ್ಕಕ್ಕೇ ಇಲ್ಲದಿದ್ದ ಮನೆಯ ಒಂದೊಂದು ಭಾಗವೂ ಈಗ ಚುಚ್ಚತೊಡಗಿತು. ‘ಅರ್ಧ ಪಾಲಿನವಳಿಗೆ ಪೂರ್ತಿ ಭಾಗ್ಯ’ ಎಂದು ಒಬ್ಬಳೇ ಗೊಣಗಿದಳು.

ಹಿದಾಯಾ ಈಗ ‘ಶಿಕಮೂ’ ಎನ್ನುವುದನ್ನೂ ಬಿಟ್ಟಿದ್ದಳು. ಒಂದು ಬೆಳಿಗ್ಗೆ ಅವಳೇ ಏರು ಹತ್ತಿ ಬಂದು, ಮರದ ಕೆಳಗೆ ನಿಂತು, ಏನನ್ನೋ ಹುಡುಕುವವಳ ಹಾಗೆ ಬೆನ್ನು ತಿರುಗಿಸಿದಳು. ಹೊಚ್ಚ ಹೊಸ ಕಾಂಗಾ: ‘ಹಿಂದೆ ನಿಂತಿದ್ದೆ, ಸಾಲೇ ತಿರುಗಿತು.’

“ಏನು ಬೇಕು ನಾದಿನಿ?”

“ಏನಿಲ್ಲ ಅತ್ತಿಗೆ. ಮರದ ನೆರಳು ಚೆನ್ನಾಗಿದೆ ಅಂತ ನೋಡ್ದೆ. ಇನ್ಮುಂದೆ ಇಲ್ಲಿ ಗಲಾಟೆ ಇರಲ್ಲ, ನೀನು ಆರಾಮಾಗಿ ನಿದ್ದೆ ಮಾಡ್ಬಹುದು.”

ಸೌಮು ಸೌಟು ಎತ್ತಿದಳು. ಚಾಂಡೆ ಅಡ್ಡ ಬಂದ.

ಓಣಿಯ ಅಧ್ಯಕ್ಷ ಕೊಂಬೋ ಅಜ್ಜ ತನ್ನ ಅಂಗಳದಲ್ಲಿ ಸಭೆ ಕರೆದ. ನಕ್ಷೆ ಹಿಡಿದು ಬಂದವಳು ಎಲಿವಾಜಾ ಎಂಬ ಪಾರೆ ಬೆಟ್ಟದ ಕಡೆಯ ಹುಡುಗಿ. ಮೆಲುದನಿ, ಧೂಳು ಹಿಡಿದ ಬೂಟು.

“ಮನೆ ಒಂದು ಕಡೆ, ಸಂತೆ ಒಂದು ಕಡೆ, ಬಸ್ಸು ಇನ್ನೊಂದು ಕಡೆ ಇದ್ರೆ ನಮ್ ಜೀವನ ಎಲ್ಲಾ ನಡೆಯೋದ್ರಲ್ಲೇ ಕಳೀತದೆ,” ಎಂದಳು ಅವಳು. “ಹೋದ ಸಲ ಬೇರೆ ಬೇರೆ ಮಾಡಿ ಕೆಟ್ವಿ. ಈ ಸಲ ಮೂರನ್ನೂ ಒಂದೇ ಕಡೆ ಕಟ್ತೀವಿ.”

“ಜನ ಇಳಿಯೋದು ನೆತ್ತಿ ಮೇಲೆ ತಾಯಿ,” ಎಂದಳು ಸೌಮು ಎದ್ದು ನಿಂತು. “ಹಳ್ಳದಲ್ಲಿ ಇಳಿದು ಏನ್ ಮಾಡ್ತಾರೆ? ಆಡು ಮಾತಾಡಿಸ್ತಾರಾ?”

ಜನ ನಕ್ಕರು. ಹಿದಾಯಾ ಕೂತಲ್ಲಿಂದಲೇ, “ಆಡುಗಳು ಹೊಟ್ಟೆಕಿಚ್ಚು ಪಡಲ್ಲ ಅತ್ತಿಗೆ, ಮಾತಾಡ್ಸೋದಕ್ಕೆ ಅವೇ ವಾಸಿ” ಎಂದಳು. ಇನ್ನೂ ಜೋರಾಗಿ ನಕ್ಕರು. ಸೌಮುವಿನ ಕಿವಿ ಕಾದವು. ಎಲಿವಾಜಾ ಮುಂದೆ ಇನ್ನೂ ಏನೇನೋ ಹೇಳಿದಳು. ಅದರಲ್ಲಿ ಸೌಮುಗೆ ಕೇಳಿಸಿದ್ದು ಒಂದೇ: ನಾಳೆಯಿಂದ ನಮ್ಮವರು ಬಸ್ಸು ಹತ್ತುವವರನ್ನೆಲ್ಲ ‘ನಿಮ್ಮ ನಿಲ್ದಾಣ ಯಾವುದು?’ ಎಂದು ಕೇಳುತ್ತಾರೆ, ನೀವು ಹೇಳಿದ ಹಾಗೆ ಮಾಡುತ್ತೇವೆ.

ಅಷ್ಟು ಸಾಕಾಯಿತು. ಮರುದಿನ ಬೆಳಕು ಹರಿಯುವ ಮೊದಲೇ ಸೌಮು ಎರಡು ಪಟ್ಟು ಹಿಟ್ಟು ಕಲಸಿದಳು. ಬಂದವರ ಕೈಗೆಲ್ಲ ಒಂದೊಂದು ವಿತುಂಬುವಾ ಹೆಚ್ಚಿಗೆ ಇಟ್ಟು, “ಕೇಳಿದ್ರೆ ಏನಂತೀಯಪ್ಪಾ?” ಎನ್ನುವಳು.

“ಕ್ವಾ ಸೌಮು.”

“ಇನ್ನೊಂದ್ಸಲ ಹೇಳು.”

“ಕ್ವಾ ಸೌಮು ಕಣಕ್ಕಾ! ಹುಟ್ಟಿದಾಗಿಂದ ಅದನ್ನೇ ಹೇಳ್ತಿದೀನಿ.”

ಚಾಂಡೆ ಬಸ್ಸಿನೊಳಗೂ ಪಾಠ ಹೇಳಿಕೊಟ್ಟ. ಮೀನು ಮಾರುವವರು, ದರ್ಜಿಗಳು, ಬಂದರಿನ ಕೂಲಿಗಳು, ಯಾರೂ ಮಾತು ತಪ್ಪಲಿಲ್ಲ. ಹಿದಾಯಾಳ ಗಂಡನೂ ಅದನ್ನೇ ಹೇಳಿದನಂತೆ, ಪಾಪ, ಅವನಿಗೆ ಬೇರೆ ಹೆಸರೇ ಗೊತ್ತಿರಲಿಲ್ಲ.

ಕಟ್ಟಡದ ಕೆಲಸ ಶುರುವಾಯಿತು, ಅದೂ ಇಳಿಜಾರಿನ ಬುಡದಲ್ಲೇ. ‘ಬರೀ ಸಾಮಾನು ಇಳಿಸ್ತಿದಾರೆ’ ಎಂದು ಸೌಮು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಚಪ್ಪಡಿ ಬಂತು, ಕಂಬ ಬಂತು, ಸೂರು ಬಂತು. ‘ಅದು ಮಾರುಕಟ್ಟೆಯದು’ ಎಂದಳು. ಕೊನೆಗೆ ಒಂದು ಮಧ್ಯಾಹ್ನ ಚಾಂಡೆ ಏದುಸಿರು ಬಿಡುತ್ತಾ ಬಂದು, “ಅಕ್ಕಾ, ಬೋರ್ಡು ಹಾಕಿದ್ರು. ನೀನೇ ಬಂದು ನೋಡು” ಎಂದು ಕೈಹಿಡಿದು ಎಳೆದುಕೊಂಡು ಹೋದ.

ಹಿದಾಯಾಳ ಎಳೆ ಹಸಿರು ಗೋಡೆಯ ನೇರ ಎದುರಿಗೆ, ಆಳೆತ್ತರದ ನೀಲಿ ಹಲಗೆಯ ಮೇಲೆ, ಬಿಳಿಯ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ಕ್ವಾ ಸೌಮು.

ಎಲಿವಾಜಾ ಅಲ್ಲೇ ಇದ್ದಳು, ಖುಷಿಯಿಂದ ಓಡಿ ಬಂದಳು. “ನೋಡಿದ್ರಾ ಅಮ್ಮಾ? ಇಡೀ ದಾರಿಯಲ್ಲಿ ಯಾರ ಬಾಯಲ್ಲೂ ಬೇರೆ ಹೆಸರೇ ಬರದ ನಿಲ್ದಾಣ ಅಂದ್ರೆ ಇದೊಂದೇ!”

“ಹೆಸರಲ್ಲ ಕಣಮ್ಮಾ, ಅದು ಜಾಗ! ಕ್ವಾ ಸೌಮು ಅಂದ್ರೆ ನಾನು ಕೂರೋ ಕಡೆ!”

ಎಲಿವಾಜಾಳ ಮುಖ ಸಪ್ಪಗಾಯಿತು. “ಜಾಗ ಇದೇ ಅಂತ ಸಭೆಯಲ್ಲೇ ಹೇಳಿದ್ದೆನಲ್ಲಾ ಅಮ್ಮಾ. ಆಮೇಲೆ ಕೇಳಿದ್ದು ಏನಂತ ಕರೀಬೇಕು ಅಂತ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತುತ್ತನ್ನು ತಾನೇ ಹಿಸುಕಿ ಉಂಡೆ ಕಟ್ಟಿ ನಾದಿನಿಯ ತಟ್ಟೆಗೆ ಹಾಕಿದ ಹಾಗಾಯಿತು. ಸೌಮು ಮರದ ಕೆಳಗೆ ವಾಪಸು ಬಂದು ಕೂತಳು. ವೇಗದ ಬಸ್ಸು ಓಡತೊಡಗಿತು. ದಲಾದಲಾಗಳಿಗೆ ಬೇರೆ ದಾರಿ ಕೊಟ್ಟರು. ಹೋಗುವ ದಿನ ಚಾಂಡೆ ಕೊನೆಯದಾಗಿ ಒಮ್ಮೆ ಜೋರಾಗಿ ಕೂಗಿ ಹೋದ. ನೆತ್ತಿಯಲ್ಲಿ ಯಾರೂ ಇಳಿಯಲಿಲ್ಲ. ಹಂಚು ಅರ್ಧ ತುಂಬಿದರೂ ಸಂಜೆಗೆ ಉಳಿಯುತ್ತಿತ್ತು. ಕೆಳಗೆ ಮಾತ್ರ, ಆಡು ಮಲಗುತ್ತಿದ್ದ ಕಟ್ಟೆಯ ಮೇಲೆ ಮೀನು, ಟೊಮೆಟೊ, ಮರಗೆಣಸು. ಹೊಸ ಮನೆಗಳ ಪಾಯ ಎದ್ದವು. ಬಸ್ಸು ಇಳಿದವರು ಸಂತೆ ಮಾಡಿಕೊಂಡೇ ಮನೆಗೆ ಹೋಗುತ್ತಿದ್ದರು. ಹುಡುಗಿ ಹೇಳಿದ್ದು ಸುಳ್ಳಾಗಿರಲಿಲ್ಲ. ಸೌಮುಗೆ ಅದೇ ಇನ್ನೂ ಉರಿ. ಸುಳ್ಳಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಗಾಳಿ ಬೀಸಿದಾಗ ಕೆಳಗಿನಿಂದ ಬಸ್ಸಿನ ಯಂತ್ರದ ಹೆಣ್ಣುದನಿ ಮೇಲಕ್ಕೆ ಬರುತ್ತಿತ್ತು: ಮುಂದಿನ ನಿಲ್ದಾಣ, ಕ್ವಾ ಸೌಮು. ತನ್ನ ಹೆಸರಿನ ಮೇಲೇ ಅವಳಿಗೆ ಹೊಟ್ಟೆಕಿಚ್ಚಾಯಿತು. ಹೆಸರು ಸಂತೆಯಲ್ಲಿ ಮೆರೆಯುತ್ತಿತ್ತು, ತಾನು ನೆರಳಿನಲ್ಲಿ ನೊಣ ಓಡಿಸುತ್ತಿದ್ದಳು.

ಆಮೇಲೊಂದು ದಿನ ಹಿದಾಯಾ ಏರು ಹತ್ತಿ ಬಂದಳು. ಬಂದವಳೇ ಸೊಂಟಕ್ಕೆ ಕೈಯಿಟ್ಟು ನಿಂತಳು. ಹಳೆಯ ಮಾಸಿದ ಕಾಂಗಾ ಉಟ್ಟಿದ್ದಳು, ಅದರ ಸಾಲು ಓದಲೂ ಬರುತ್ತಿರಲಿಲ್ಲ.

“ಶಿಕಮೂ, ಅತ್ತಿಗೆ.”

“ಮರಹಬಾ. ಏನು, ಸೂರ್ಯ ಯಾವ ಕಡೆ ಹುಟ್ಟಿದ?”

“ನಗಬೇಡ. ನಂಗೆ ತಲೆ ಕೆಟ್ಟುಹೋಗಿದೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ನಿನ್ ಹೆಸರು. ಮಲಗೋ ತನಕ ನಿನ್ ಹೆಸರು. ನಾನು ಗೋಡೆಗೆ ಬಣ್ಣ ಹೊಡ್ಸಿದ್ದು ನಿನ್ ಬೋರ್ಡು ಚೆನ್ನಾಗಿ ಕಾಣ್ಲಿ ಅಂತಾನಾ?”

“ನಾನೇನ್ ಮಾಡ್ಲಿ? ಜನ ಹೇಳಿದ್ರು.”

“ಬಂದೋರೆಲ್ಲಾ ನನ್ ಬಾಗಿಲು ತಟ್ತಾರೆ. ‘ಸೌಮಮ್ಮಾ, ವಿತುಂಬುವಾ ಇಲ್ವಾ?’ ‘ಅಲ್ಲ ಕಣೋ, ನಾನು ಸೌಮು ಅಲ್ಲ’ ಅಂದ್ರೆ, ‘ಹಂಗಾದ್ರೆ ನೀವ್ಯಾರು?’ ಅಂತ ಕೇಳ್ತಾರೆ! ನನ್ ಮನೆ ಬಾಗಿಲಲ್ಲಿ ನಿಂತು ನನ್ನನ್ನೇ!”

ಸೌಮು ಸೌಟು ಕೆಳಗಿಟ್ಟಳು. ನಗು ಬರುತ್ತಿತ್ತು, ತುಟಿ ಕಚ್ಚಿ ಹಿಡಿದಳು.

“ನನ್ ಗಂಡನ ಕಥೆ ಕೇಳು. ನಿನ್ನೆ ಫೋನ್ ಮಾಡಿ ಎಲ್ಲಿದೀಯಾ ಅಂದೆ. ‘ಸೌಮು ಹತ್ರ ಇದೀನಿ, ಈಗ ಬಂದೆ’ ಅಂತಾನೆ!”

ಇನ್ನು ತಡೆಯಲಾಗಲಿಲ್ಲ. ಸೌಮು ಕಾಂಗಾದ ಸೆರಗು ಬಾಯಿಗೊತ್ತಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಹಿದಾಯಾ ನಗಲಿಲ್ಲ. ನೆಲ ನೋಡುತ್ತಾ ಹೇಳಿದಳು, “ಬಾ ಕೆಳಗೆ. ನನ್ ಜಗಲಿ ಮುಂದೆ ಕೂತ್ಕೋ. ಸೌಮು ಎಲ್ಲಿ ಅಂದ್ರೆ ‘ಅಗೋ ಅಲ್ಲಿ’ ಅಂತ ಬೆರಳು ತೋರಿಸಿ ಬಾಗಿಲು ಹಾಕ್ಕೋತೀನಿ. ನಿನ್ ಮೇಲಿನ ಪ್ರೀತಿಗೆ ಕರೀತಿದೀನಿ ಅನ್ಕೋಬೇಡ ಮತ್ತೆ.”

“ನಿನ್ ಪ್ರೀತಿ ನಂಗ್ಯಾಕೆ? ನಲ್ಲಿ ನೀರು ಹಿಡ್ಕೋಬಹುದಾ?”

“ಹಿಡ್ಕೋ. ಆದ್ರೆ ಹೊಗೆ ನನ್ ಗೋಡೆಗೆ ಹತ್ತಬಾರದು.”

ಸೌಮು ಒಡನೆಯೇ ಒಪ್ಪಲಿಲ್ಲ. ಮರದ ಬುಡ ಬಿಟ್ಟು ನಾದಿನಿಯ ಜಗಲಿಗೆ ಇಳಿಯುವುದೆಂದರೆ ಸೋತ ಹಾಗೆ. ಇಲ್ಲೇ ಕೂತರೆ ಒಲೆ ಆರುತ್ತದೆ. ಮೂರು ದಿನ ಮರದ ಕೆಳಗೇ ಒಲೆ ಹಚ್ಚಿದಳು. ನಾಲ್ಕನೆಯ ದಿನ ಪೆಟ್ಟಿಗೆಯ ತಳದಿಂದ ಒಂದು ಕಾಂಗಾ ತೆಗೆದು ಉಟ್ಟು, ಹಂಚನ್ನು ತಲೆಯ ಮೇಲೆ ಕವುಚಿಕೊಂಡು ಇಳಿಜಾರು ಇಳಿದಳು. ಅದರ ಸಾಲು: ‘ಕರೆದರೆ ಬಂದೆ, ಕರೆಯದಿದ್ದರೂ ಬರುತ್ತಿದ್ದೆ.’ ಹಿದಾಯಾ ಅದನ್ನು ಓದಿ ಮೂಗು ಮುರಿದಳು. “ಗೋಡೆ ಕಡೆ ಹೊಗೆ ಬರ್ತಿದೆ” ಎಂದಳು. “ಗೋಡೆ ನಿಂದು, ನಿಲ್ದಾಣ ನಂದು” ಎಂದಳು ಸೌಮು.

ಈಗಲೂ ಅವರು ಹಾಗೇ ಇದ್ದಾರೆ. ಬಸ್ಸಿನ ಹೆಣ್ಣುದನಿ ಹೆಸರು ಕೂಗಿದಾಗಲೆಲ್ಲ ಹಿದಾಯಾ ಪಾತ್ರೆ ಕುಕ್ಕುತ್ತಾಳೆ. ಹಿದಾಯಾ ಅಂಗಳದ ನಲ್ಲಿ ತಿರುಗಿಸಿ ಕೂತಲ್ಲೇ ಕಾಲು ತೊಳೆದುಕೊಂಡಾಗಲೆಲ್ಲ ಸೌಮು ಆ ಕಡೆ ನೋಡದ ಹಾಗೆ ನೋಡುತ್ತಾಳೆ. ಹಂಚು ಈಗ ಒಂದು ಸಾಲದು, ಎರಡಾಗಿದೆ. ಕಾಯಿ ತುರಿಯಲು ಕೈ ಸಾಲುತ್ತಿಲ್ಲವೆಂದು ನನ್ನನ್ನು ಕರೆದಿದ್ದಾಳೆ. ಇದನ್ನು ಮಡಿಸಿಟ್ಟು, ನಾನೀಗ ತುರಿಮಣೆ ತೆಗೆದುಕೊಂಡು ಇಳಿಜಾರು ಇಳಿದು ಅಲ್ಲಿಗೆ ಹೋಗುತ್ತೇನೆ.