ಎಲೆಗೆ ಅಡ್ಡ ಹಿಡಿದ ಕೈ

ಬೆಂಗಳೂರಿಗೆ ಓದಲು ಹೋದ ಹೊಸದರಲ್ಲಿ ನನ್ನ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಶಾಲೆ ಮುಗಿಸಿ ವಿದ್ಯಾರ್ಥಿ ನಿಲಯದ ಕಡೆಗೆ ಹೊರಟರೆ ಅವು ರೈಲು ನಿಲ್ದಾಣದ ಕಡೆಗೆ ತಿರುಗುತ್ತಿದ್ದವು. ಸಂಜೆ ಹೊತ್ತು ಅರಸೀಕೆರೆಯ ಮೇಲೆ ಹೋಗುವ ಗಾಡಿ ಅಲ್ಲಿ ನಿಂತಿರುತ್ತಿತ್ತು. ಹತ್ತುವವರನ್ನು, ಕಿಟಕಿಯಿಂದ ಮೂಟೆ ತೂರಿಸುವವರನ್ನು ನೋಡುತ್ತಾ ನಿಲ್ಲುತ್ತಿದ್ದೆ. ಗಾಡಿ ಹೊರಟ ಮೇಲೆ ಯಾರೋ ನನ್ನನ್ನು ಬಿಟ್ಟುಹೋದರೆಂಬಂತೆ ಸಿಟ್ಟು ಬರುತ್ತಿತ್ತು.

ವಾಪಸ್ಸು ಹೋಗುವ ಹಾಗಿರಲಿಲ್ಲ. ಕಣಕಟ್ಟೆಯಲ್ಲಿ ಮಿಡ್ಲ್ ಸ್ಕೂಲು ಮುಗಿಸಿ, ಫಿಟ್ಟರ್ ಕೆಲಸ ಕಲಿಸುವ ಶಾಲೆಗೆ ಸೇರುತ್ತೇನೆಂದು ಹಟ ಹಿಡಿದವನು ನಾನೇ. ನಮ್ಮಪ್ಪನಿಗೆ ಅದು ಬೇಡವಾಗಿತ್ತು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ, ಅದನ್ನು ನಿನ್ನ ತಮ್ಮನ ಜೊತೆ ನೋಡಿಕೊಂಡಿರು ಎಂಬುದು ಅವನ ಮಾತು. ಅರಸೀಕೆರೆಯ ಪ್ಲಾಟ್‌ಫಾರಂ ಮೇಲೆ ನನ್ನ ಟ್ರಂಕು ಇಳಿಸಿ, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಹೇಳಿದ್ದ:

"ಗೌರಿ ಹಬ್ಬಕ್ ಮುಂಚೆ ಗಂಟುಮೂಟೆ ಕಟ್ಕೊಂಡ್ ಬತ್ತೀಯ ಕಣ್ಲಾ."

"ಬರಾಕಿಲ್ಲ ಕಣಪ್ಪ."

"ಬಂದ್ರೆ?"

"ಬಂದ್ರೆ ನಾನು ಸಾಯೋಗಂಟ ನೀನು ಹೇಳಿದ್ ಹೊಲ ಉಳ್ತೀನಿ. ತಿರುಗಿ ಮಾತಾಡಲ್ಲ."

"ಆಯ್ತು, ಹಂಗೇ ಮಡಿಕ್ಕೊ ಮಾತ್ನ," ಎಂದ ಅಪ್ಪ. ಸುತ್ತ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಹಾಗಾಗಿ ಬೆಂಗಳೂರಿನಲ್ಲಿ ನೆಲೆ ನಿಲ್ಲುವುದು ನನಗೆ ಓದಿನ ಪ್ರಶ್ನೆಯಷ್ಟೇ ಆಗಿರಲಿಲ್ಲ. ನನ್ನ ಮಿಕ್ಕ ಆಯಸ್ಸೆಲ್ಲ ಅದರ ಮೇಲೆ ನಿಂತಿತ್ತು.

ನಗರ ನನ್ನನ್ನು ಹೆದರಿಸಲಿಲ್ಲ. ಬಸ್ಸು, ಜನ, ದೀಪ, ಎಲ್ಲಕ್ಕೂ ವಾರದಲ್ಲಿ ಹೊಂದಿಕೊಂಡೆ. ನನ್ನನ್ನು ಸೋಲಿಸಲು ಬಂದದ್ದು ಊಟದ ಪಂಕ್ತಿ.

ನಾನಿದ್ದದ್ದು ಬಡ ಹುಡುಗರಿಗೆ ಊಟ, ವಸತಿ ಎರಡೂ ಉಚಿತವಾಗಿ ಕೊಡುತ್ತಿದ್ದ ವಿದ್ಯಾರ್ಥಿ ನಿಲಯದಲ್ಲಿ. ಉದ್ದನೆಯ ಹಜಾರದಲ್ಲಿ ಮುತ್ತುಗದ ಎಲೆ ಹಾಕಿಕೊಂಡು ಸಾಲಾಗಿ ಕೂರಬೇಕು. ಅಡುಗೆಯವರನ್ನು ಹುಡುಗರೆಲ್ಲ ಅಯ್ನೋರೇ ಎಂದು ಕರೆಯುತ್ತಿದ್ದರು. ತುಮಕೂರು ಕಡೆಯವರು, ಭಾರಿ ಆಳು. ಮೊದಲ ದಿನ ಅವರು ಅನ್ನದ ಪುಟ್ಟಿ ಹಿಡಿದು ನನ್ನ ಮುಂದೆ ಬಂದು ಒಂದು ಸೌಟು ಹಾಕಿದರು. ಎರಡನೆಯದಕ್ಕೆ ಬಗ್ಗಿದಾಗ ನಾನು ಎಲೆಗೆ ಕೈ ಅಡ್ಡ ಹಿಡಿದೆ. ಅವರು ಮುಂದಿನ ಎಲೆಗೆ ಹೋದರು. ತಿರುಗಿ ಬರುತ್ತಾರೆಂದು ಅವರ ಬೆನ್ನನ್ನೇ ನೋಡುತ್ತಿದ್ದೆ. ಬರಲಿಲ್ಲ.

ನಮ್ಮ ಕಡೆಯ ಊಟ ಬಲ್ಲವರಿಗೆ ನನ್ನ ಪಾಡು ಅರ್ಥವಾದೀತು. ಇನ್ನೊಬ್ಬರ ಮನೆಯಲ್ಲಿ ಉಣ್ಣುವವನು ಮೊದಲು ಬೇಡವೆನ್ನಬೇಕು. ಬಡಿಸುವವಳು ಅವನ ಕೈಯನ್ನು ತಪ್ಪಿಸಿ ಮುದ್ದೆ ಇಡಬೇಕು. ಅವನು ಎಲೆಯ ಮೇಲೆ ಬಾಗಿ ಕಾಪಾಡಿಕೊಳ್ಳಬೇಕು, ಅವಳು ಬೈಯಬೇಕು. ಒಂದೇ ಸಲಕ್ಕೆ ಸುಮ್ಮನೆ ಹಿಂದೆ ಸರಿದ ಮನೆಯನ್ನು ಜಿಪುಣರ ಮನೆ ಎನ್ನುತ್ತಾರೆ. ಬಾಯಿಬಿಟ್ಟು "ಇನ್ನಷ್ಟು ಹಾಕಿ" ಎಂದು ಕೇಳಿದವನಿಗಂತೂ ಮಾನವೇ ಇಲ್ಲ. ಹಸಿವಾದರೂ ಕೇಳಬಾರದು ಎಂದು ನಮ್ಮವ್ವ ಕೈತುತ್ತಿನ ಜೊತೆಗೇ ಕಲಿಸಿದ್ದಳು.

ಬೆಂಗಳೂರಿನ ಆ ಹಜಾರದಲ್ಲಿ ಕೈ ಅಡ್ಡ ಬಂದರೆ ಸಾಕು ಎಂದೇ ಅರ್ಥ. ಅಯ್ನೋರಿಗೆ ಪುರುಸೊತ್ತಿರಲಿಲ್ಲ, ಇನ್ನೂ ಸಾಲು ಸಾಲು ಎಲೆ ಕಾದಿದ್ದವು. ನನಗೆ ಇದು ಎರಡನೆಯ ದಿನವೇ ತಿಳಿಯಿತು. ತಿಳಿದರೇನು, ಪುಟ್ಟಿ ಹತ್ತಿರ ಬಂದೊಡನೆ ಕೈ ತಾನಾಗಿಯೇ ಎಲೆಯ ಮೇಲೆ ಹೋಗುತ್ತಿತ್ತು. ಅರೆಹೊಟ್ಟೆಯಲ್ಲಿ ಏಳುತ್ತಿದ್ದೆ. ಆಮೇಲೆ ಬೀದಿ ಸುತ್ತುತ್ತಿದ್ದೆ. ನಿಲ್ದಾಣದ ಹತ್ತಿರ ಬೋಂಡ ಕರಿಯುವ ವಾಸನೆ ಬಂದರೆ ಎದುರು ದಿಕ್ಕಿಗೆ ಹೋಗುತ್ತಿದ್ದೆ.

ನನ್ನ ಕೋಣೆಯಲ್ಲಿದ್ದವನು ಹಳೇಬೀಡಿನವನು, ನಮ್ಮ ಶಾಲೆಗೇ ನನಗಿಂತ ಒಂದು ವರ್ಷ ಮುಂಚೆ ಬಂದವನು. ಅವನ ಅಪ್ಪನದು ದೇವಸ್ಥಾನದ ಎದುರು ಅಂಗಡಿ. ಗುಡಿ ನೋಡಲು ಬಂದವರನ್ನೆಲ್ಲ ಮಾತಾಡಿಸಿ ಬೆಳೆದ ನಾಲಿಗೆ ಅವನದು.

"ಏನ್ಲಾ, ದಿನಾ ಎಲೆ ಮೇಲೆ ಕೈ ಮಡಗ್ತೀಯಲ್ಲ, ಎಲೆ ಎದ್ದು ಓಡೋಯ್ತದಾ?"

"ನಂಗೆ ಅಷ್ಟೇ ಸಾಕು."

"ನಮ್ಮೂರ್ ಗುಡೀಲಿ ಕಲ್ಲಿನ ಗೊಂಬೆ ಬೇಕಾದಷ್ಟು ಐದಾವೆ ಕಣೋ. ಅವೂ ಹಿಂಗೇ ಕೈ ನೀಡ್ಕೊಂಡ್ ನಿಂತವೆ. ಇವತ್ತಿನ್ಗಂಟ ಯಾರೂ ಒಂದ್ ಸೌಟು ಸಾರು ಬಿಟ್ಟಿಲ್ಲ. ಬಾಯ್ ಬಿಟ್ ಕೇಳು!"

ಕೇಳಲಿಲ್ಲ. ಶಾಲೆಯಲ್ಲಿ ಕಬ್ಬಿಣದ ತುಂಡನ್ನು ವೈಸಿನ ಬಾಯಿಗೆ ಕಚ್ಚಿಸಿ ಅರದಿಂದ ಉಜ್ಜಿ ಚೌಕ ಮಾಡಬೇಕಿತ್ತು. ನನ್ನದು ಒಳ್ಳೆಯ ಕೈ ಎಂದು ಮೇಷ್ಟ್ರೇ ಹೇಳಿದ್ದರು. ಒಂದು ದಿನ ಬೆಳಿಗ್ಗೆ ಅರ ಜಾರಿ ಬೆರಳ ಗೆಣ್ಣು ತರಚಿಹೋಯಿತು. ಹಸಿವಿಗೆ ಕಣ್ಣು ಕತ್ತಲೆ ಕಟ್ಟಿತ್ತು. ಮೇಷ್ಟ್ರು ಹತ್ತಿರ ಬಂದು, "ಏನಯ್ಯಾ, ಬೆಳಿಗ್ಗೆ ಏನಾದರೂ ತಿಂದೆಯಾ?" ಎಂದರು.

"ಬೇಕಾದಷ್ಟು ತಿಂದೆ ಸಾರ್."

ಇದನ್ನು ಕೇಳಿಸಿಕೊಂಡ ಹಳೇಬೀಡಿನವನು ಅಂದು ರಾತ್ರಿ ಪಂಕ್ತಿಯಲ್ಲಿ ಗಟ್ಟಿಯಾಗಿ ಕೂಗಿದ: "ಅಯ್ನೋರೇ, ಇವನ್ಗೆ ಇನ್ನೆರಡು ಸೌಟು ಬಿಡಿ. ಮದುವಣಗಿತ್ತಿ ಇವ್ನು, ನಾಚ್ಕೆ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಎಲೆ ಮಡಚಿ ಎದ್ದುಬಿಟ್ಟೆ. ಮಾರನೆಯ ದಿನ ಪಂಕ್ತಿಗೆ ಹೋಗಲೇ ಇಲ್ಲ. ಕಡ್ಲೆಪುರಿ ತಿಂದು ನೀರು ಕುಡಿದೆ. ಗೌರಿ ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಅಪ್ಪ ಗೆಲ್ಲುತ್ತಾನೆ ಅನ್ನಿಸಿದ್ದು ಆವತ್ತೇ.

ಅದು ಭಾನುವಾರ. ಕೂರಲಾರದೆ, ಮಲಗಲಾರದೆ ನಿಲಯದ ಹಿತ್ತಲಿಗೆ ಹೋದೆ. ನಮ್ಮ ಕಡೆಯ ರೈತರು ದಾನ ಕೊಟ್ಟಿದ್ದ ತೆಂಗಿನಕಾಯಿ ಸಿಪ್ಪೆ ಸಮೇತ ರಾಶಿ ಬಿದ್ದಿತ್ತು. ಸುಲಿಯುವುದಕ್ಕೆ ನೆಲದಲ್ಲಿ ನೆಟ್ಟ ಹಾರೆಯೂ ಇತ್ತು. ಯಾರನ್ನೂ ಕೇಳದೆ ಪಂಚೆ ಎತ್ತಿ ಕಟ್ಟಿ ಸುಲಿಯತೊಡಗಿದೆ. ಬೆಂಗಳೂರಿಗೆ ಬಂದ ಮೇಲೆ ನನ್ನ ಜೀವ ಮೊದಲ ಬಾರಿಗೆ ತಣ್ಣಗಾದದ್ದು ಆಗಲೇ.

ಅಯ್ನೋರು ಬಾಗಿಲಲ್ಲಿ ನಿಂತು, "ಯಾರಪ್ಪಾ ನಿನಗೆ ಹೇಳಿದ್ದು?" ಎಂದರು.

"ಯಾರೂ ಹೇಳ್ಲಿಲ್ಲ. ಕೈ ಸುಮ್ನಿರಲ್ಲ ನಂದು," ಎಂದು ಹಿಡಿದಿದ್ದ ಕಾಯಿ ಕೆಳಗಿಟ್ಟೆ.

"ಹಂಗಾರೆ ಅದ್ಯಾಕೆ ಅರ್ಧಕ್ಕೆ ನಿಲ್ಲಿಸ್ದೆ? ಸುಲಿ."

ರಾಶಿ ಮುಗಿದ ಮೇಲೆ ಒಳಗೆ ಕರೆದು ಒಲೆಯ ಮುಂದೆ ಕೂರಿಸಿದರು. ಅಡುಗೆಮನೆಯ ಆಳುಗಳಿಗೆ ಬೇರೆ ಮುದ್ದೆ ಮಾಡುತ್ತಿದ್ದರು. ಒಂದು ಮುದ್ದೆ ಇಟ್ಟರು, ಉಂಡೆ. ಇನ್ನೊಂದು ತಂದಾಗ ನನ್ನ ಹಾಳು ಕೈ ಮತ್ತೆ ಮೇಲೆದ್ದಿತು. ಅಯ್ನೋರು ಸೌಟಿನ ಹಿಂಬದಿಯಿಂದ ಅದನ್ನು ತಳ್ಳಿದರು. "ತೆಗಿ ಅತ್ಲಾಗೆ. ದುಡಿದೋರು ಬ್ಯಾಡ ಅಂದ್ರೆ ನಾನು ಕೇಳಲ್ಲ."

ಆವತ್ತಿನಿಂದ ನಾನು ಅಡುಗೆಮನೆಯವನಾದೆ. ಬೆಳಿಗ್ಗೆ ನೀರು ಸೇದಿ, ಸೌದೆ ಒಡೆದು, ಕಾಯಿ ತುರಿದು ಕೊಡುತ್ತಿದ್ದೆ. ಪಂಕ್ತಿಗೆ ಬಡಿಸುವ ಕೆಲಸವೂ ಬಂತು. ಎಲೆಗೆ ಕೈ ಅಡ್ಡ ಹಿಡಿಯುವ ಹೊಸ ಹುಡುಗರಲ್ಲಿ ನಿಜವಾಗಿ ಹೊಟ್ಟೆ ತುಂಬಿದವನು ಯಾರು, ನಮ್ಮ ಕಡೆಯವನು ಯಾರು ಎಂದು ಮುಖ ನೋಡಿಯೇ ಹೇಳುತ್ತಿದ್ದೆ. ಬೈದು ಬಡಿಸುತ್ತಿದ್ದೆ. "ನಿನ್ ಕೈಗೆ ಪುಟ್ಟಿ ಕೊಟ್ರೆ ಅಕ್ಕಿ ಮೂಟೆ ಕರಗ್ತದೆ," ಎಂದು ಅಯ್ನೋರು ಗೊಣಗುತ್ತಿದ್ದರು. ಗೌರಿ ಹಬ್ಬ ಬಂದು ಹೋಯಿತು. ನಾನು ಊರಿಗೆ ಹೋಗಲಿಲ್ಲ.

ಆದರೆ ಶಾಲೆಯ ಗಂಟೆಯೂ ಒಲೆಯ ಹೊತ್ತೂ ಒಂದೇ. ದಿನ ಬಿಟ್ಟು ದಿನ ತಡವಾಗತೊಡಗಿತು. ಮೇಷ್ಟ್ರು ಕಾರಣ ತಿಳಿದುಕೊಂಡು ಒಂದು ದಿನ ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯ. "ನಿಮ್ಮ ನಿಲಯದವರಿಗೆ ನಾನು ಹೇಳುತ್ತೇನೆ. ನಿನಗೆ ಹೊಟ್ಟೆ ತುಂಬ ಹಾಕಲಿ. ನೀನು ಅಲ್ಲಿ ಆಳಿನ ಕೆಲಸ ಮಾಡಬೇಕಾಗಿಲ್ಲ. ಬರೀ ಓದು," ಎಂದರು.

"ನಂಗೋಸ್ಕರ ಯಾರೂ ಕೇಳೋದು ಬ್ಯಾಡ ಸಾರ್."

"ಹಾಗಾದರೆ ಎರಡರಲ್ಲಿ ಒಂದನ್ನು ಬಿಡಬೇಕಾಗುತ್ತದೆ."

ಬಿಟ್ಟೆ. ಶಾಲೆ ಬಿಟ್ಟದ್ದಕ್ಕೆ ಅಯ್ನೋರೇ ಬೈದರು, ಹಳೇಬೀಡಿನವನು ಎರಡು ದಿನ ಮಾತಾಡಲಿಲ್ಲ. ಅನ್ನವನ್ನು ಶಿಫಾರಸಿನಿಂದ ಉಣ್ಣುವುದಕ್ಕಿಂತ ಮೈ ಬಗ್ಗಿಸಿ ಉಣ್ಣುವುದು ನನಗೆ ಸರಿ ಕಂಡಿತು. ಈಗಲೂ ಹಾಗೇ ಕಾಣುತ್ತದೆ. ಅಯ್ನೋರು ನನ್ನನ್ನು ಸಂಬಳಕ್ಕೆ ಇಟ್ಟುಕೊಂಡರು.

ಅಪ್ಪನಿಗೆ ಬೇರೆಯವರ ಬಾಯಿಂದ ತಿಳಿಯಬಾರದೆಂದು ಕಣಕಟ್ಟೆಗೆ ಹೋದೆ. ತೋಟದಲ್ಲಿ ಗರಿ ಎಳೆದು ಒಟ್ಟುತ್ತಿದ್ದ. ನನ್ನನ್ನು ಕಂಡು ನೆಟ್ಟಗೆ ನಿಂತ.

"ಎಷ್ಟ್ ದಿನ ರಜಾ?"

"ರಜಾ ಅಲ್ಲ. ಸ್ಕೂಲ್ ಬಿಟ್ಟೆ. ಬೆಂಗ್ಳೂರ್ ಬಿಟ್ಟಿಲ್ಲ. ಅಡುಗೆ ಕೆಲ್ಸದಾಗಿವ್ನಿ."

"ಸೌಟು ಹಿಡಿಯಾಕೆ ಅಷ್ಟ್ ದೂರ ಹೋಗ್ಬೇಕಿತ್ತೇನ್ಲಾ? ನಿಮ್ಮವ್ವನೇ ಕಲಿಸ್ತಿದ್ಲು."

ಅಪ್ಪ ಒಂದು ಗರಿ ಎಳೆದು ಹಾಕಿ, ಇನ್ನೊಂದಕ್ಕೆ ಕೈ ಹಾಕಿ, ಹಾಗೇ ನಿಂತ.

"ಹಂಗಾರೆ ಇದೆಲ್ಲ ನಿನ್ ತಮ್ಮನ್ಗೇಯಾ?"

ಸಾಲು ತೆಂಗು, ಅದರಾಚೆ ತೆನೆ ಬಿಟ್ಟ ರಾಗಿ. ಸುತ್ತ ಒಮ್ಮೆ ನೋಡಿದೆ. "ಅವನ್ಗೇ," ಎಂದೆ.

ಅಪ್ಪ ಗರಿಯ ಬುಡ ಹಿಡಿದು, "ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಹೊರಡು. ಒಲೆ ಮುಂದಿನ ಕೆಲಸ ಹೊತ್ತು ಕಾಯಾಕಿಲ್ಲ," ಎಂದ. ಅದು ಹಂಗಿಸಿದ್ದೋ ಹರಸಿದ್ದೋ ನನಗೆ ತಿಳಿಯಲಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತೇನೋ, ಅವನು ಆಗಲೇ ಗರಿ ಎಳೆದುಕೊಂಡು ಹೊರಟಿದ್ದ. ನಾನು ಇನ್ನೊಂದು ತುದಿ ಹಿಡಿದೆ. ಅಪ್ಪ ಬೇಡವೆನ್ನಲಿಲ್ಲ.