ಸೀಮಂತದ ನೂರ ನಲವತ್ತಾರು ಫೋಟೊ

ಮೂರ್ತಿ ಸರ್, ನೀವು ಮರೆತಿರಲಿಲ್ಲ. ಆ ಸೀಮಂತದ ನೂರ ನಲವತ್ತಾರು ಫೋಟೊಗಳನ್ನು ನೀವು ಒಂದೂ ಬಿಡದೆ ತಿದ್ದಿದ್ದಿರಿ. ನನಗೆ ಗೊತ್ತಿತ್ತು. ಗಿರೀಶ್ ಸರ್ ಕೇಳಿದಾಗ ಗೊತ್ತಿಲ್ಲದವನಂತೆ ನಿಂತೆ — ಅಲ್ಲ, ಸುಮ್ಮನೆ ನಿಂತಿದ್ದರೂ ಒಂದು ತೂಕ. ಒಂದು ಮಾತನ್ನೂ ಆಡಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಇಷ್ಟು ಕಾಗದದ ಮೇಲೆ ಕೂರಲಿ: ನಿಮ್ಮ ತಲೆ ಸರಿಯಿತ್ತು. ಸುಳ್ಳು ಹೇಳಿದವನು ನಾನು.

ಇದನ್ನು ಶಾರದಮ್ಮನವರೂ ಓದಬೇಕು. ಅವರಿಗೆ ನಮ್ಮ ಸ್ಟುಡಿಯೊ ಕೆಲಸ ಗೊತ್ತಿಲ್ಲ. ಅದಕ್ಕೇ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ, ಬೇಸರಪಡಬೇಡಿ.

ಎರಡು ಸಾವಿರದ ಆರೋ ಏಳೋ ಇರಬೇಕು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೀರೆ ಅಂಗಡಿಯ ಮೇಲಿನ ಮಹಡಿ ನಮ್ಮ ಸ್ಟುಡಿಯೊ. ಮಾಲೀಕರು ಗಿರೀಶ್ ಸರ್. ಅವರ ತಂದೆಯ ಕಾಲದಿಂದ ಫಿಲಂ ತೊಳೆಯುವ ಡಾರ್ಕ್‌ರೂಮಿನಲ್ಲಿದ್ದವರು ನೀವು. ಅಷ್ಟು ಹೊತ್ತಿಗೆ ಡಾರ್ಕ್‌ರೂಮಿನಲ್ಲಿ ಖಾಲಿ ಆಲ್ಬಮ್ ಡಬ್ಬಗಳು ತುಂಬಿದ್ದವು, ನೀವು ಐವತ್ತೆಂಟನೆಯ ವಯಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ರಾ ಫೈಲು ತಿದ್ದಲು ಕಲಿತಿದ್ದಿರಿ. ರಾ ಎಂದರೆ, ಶಾರದಮ್ಮನವರೇ, ಕ್ಯಾಮೆರಾ ತಾನು ಕಂಡದ್ದನ್ನು ಬೇಯಿಸದೆ ಹಾಗೇ ಕೊಡುವುದು. ಬೆಳಕು, ಬಣ್ಣ, ಅಂಚು ಎಲ್ಲವನ್ನೂ ಆಮೇಲೆ ನಾವು ಕೂರಿಸಬೇಕು. ನಿಮ್ಮ ಯಜಮಾನರು ಪ್ರತಿಯೊಂದು ಫೋಟೊಗೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತಿದ್ದರು. ಡಾರ್ಕ್‌ರೂಮಿನಿಂದ ತಂದ ಅಭ್ಯಾಸ. "೧೭ — ಮುಖದ ಬೆಳಕು ಎತ್ತು, ಹಳದಿ ಇಳಿಸು." "೧೮ — ಸೀರೆ ಅಂಚು ಬೆಳಕಿಗೆ ಸುಡುತ್ತಿದೆ, ತಗ್ಗಿಸು." ಬರೆದು, ಮಾಡಿ, ಮುಂದಕ್ಕೆ.

ನಾನು ಬಾಗಲಕೋಟೆಯಿಂದ ಬಂದು ಬಿಟಿಎಂನಲ್ಲಿ ಒಂದು ರೂಮು ಹಿಡಿದಿದ್ದವನು. ನಿಮ್ಮ ಬಾಯಲ್ಲಿ ಬಸವರಾಜ ಮೊದಲ ದಿನವೇ ಬಸವರಾಜು ಆದ. ಬಣ್ಣದ ಬಗ್ಗೆ ನನಗೆ ಗೊತ್ತಿರುವುದೆಲ್ಲ ನೀವು ಕಲಿಸಿದ್ದು. ಕಲಿಸುವಾಗ ಚುಚ್ಚುತ್ತಿದ್ದಿರಿ. ಒಮ್ಮೆ ಗಿರಾಕಿಗಳ ಎದುರಿಗೇ ನನ್ನ ಪರದೆಗೆ ಬಗ್ಗಿ, "ಬಸವರಾಜು, ಮದುಮಗಳಿಗೆ ಕಾಮಾಲೆ ಬಂದಿದ್ಯೇನಪ್ಪಾ? ಆಲ್ಬಮ್ ಮಾಡೋಣ್ವಾ, ಡಾಕ್ಟರ ಹತ್ರ ಕಳಿಸೋಣ್ವಾ?" ಎಂದಿರಿ.

"ಛತ್ರದ್ ಲೈಟ್ ಹಂಗ ಅದಾವ್ರೀ ಸರ."

"ಮದುವೆ ಲೈಟಿಗಲ್ಲಪ್ಪ, ಹುಡುಗಿಗೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವೇ ಎಲ್ಲಕ್ಕೂ ಕಾರಣ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾರಣವೊಂದು ಸಿಕ್ಕಿಬಿಟ್ಟರೆ ಎಷ್ಟು ಹಾಯಾಗಿರುತ್ತದೆ! ಆದರೆ ನೀವು ಹೇಳಿದ್ದು ಸರಿಯಿತ್ತು, ಆ ಹುಡುಗಿಯ ಮುಖ ಹಳದಿಯಾಗಿತ್ತು, ಮರುದಿನ ನಾನು ಅದನ್ನು ಮರೆತೂ ಇದ್ದೆ. ಹಾಗಾಗಿ ಅದು ಕಾರಣವಲ್ಲ.

ಆದದ್ದು ಹೀಗೆ. ಮೊದಲ ಸಲ ಕೋಣನಕುಂಟೆಯ ಒಂದು ಮದುವೆಯ ಫೋಟೊಗಳು. ನೀವು ಎರಡು ದಿನ ಕೂತು ತಿದ್ದಿದಿರಿ. ನಿಮ್ಮ ಸಿಸ್ಟಮ್‌ನಲ್ಲಿದ್ದದ್ದು ಕ್ಯಾಮೆರಾದ ಜೊತೆ ಬಂದ ಹಳೆಯ ಸಾಫ್ಟ್‌ವೇರ್. ನನ್ನದರಲ್ಲಿ ಆಲ್ಬಮ್ ಕೆಲಸಕ್ಕೆಂದು ಆಗಷ್ಟೇ ಹಾಕಿಸಿದ ಹೊಸದು; ಅಲ್ಲಿಯವರೆಗೆ ನೀವು ತಿದ್ದಿದ್ದರ ಆಲ್ಬಮ್ ನಿಮ್ಮ ಸಿಸ್ಟಮ್‌ನಲ್ಲೇ ಆಗುತ್ತಿತ್ತು. ಕೆಲಸ ಮುಗಿದ ದಿನದ ಕೊನೆಗೆ ನಿಮ್ಮ ಫೋಲ್ಡರನ್ನು ಒಂದು ಡಿವಿಡಿಗೆ ಬರೆದಿಡುವುದು, ಅದರಿಂದ ಫೋಟೊಗಳನ್ನು ಮಾತ್ರ ಆರಿಸಿ ನನ್ನ ಸಿಸ್ಟಮ್‌ಗೆ ಹಾಕಿಕೊಳ್ಳುವುದು, ಜಾಗವಿಲ್ಲದ ನಿಮ್ಮ ಸಿಸ್ಟಮ್‌ನಿಂದ ಎಲ್ಲವನ್ನೂ ಅಳಿಸುವುದು, ಇವೆಲ್ಲ ನನ್ನ ಕೆಲಸ. ಮರುದಿನ ನನ್ನಲ್ಲಿ ತೆರೆದರೆ ಒಂದು ಫೋಟೊವೂ ತಿದ್ದಿಲ್ಲ. ಹಳದಿ ಮುಖಗಳು, ಸುಟ್ಟ ಅಂಚುಗಳು, ಎಲ್ಲ ಹಾಗೇ.

"ಏನ್ ಸಾರ್ ಇದು?" ಎಂದರು ಗಿರೀಶ್ ಸರ್. "ಒಂದನ್ನೂ ಮುಟ್ಟೇ ಇಲ್ವಲ್ಲ!"

ನೀವು ನೋಟ್‌ಬುಕ್ ಬಿಡಿಸಿ ತೋರಿಸಿದಿರಿ. "ಎರಡು ದಿನ ಕೂತಿದ್ನಲ್ಲಪ್ಪ ಗಿರೀಶ. ನೋಡು, ಒಂದೊಂದನ್ನೂ ಬರೆದಿದೀನಿ."

"ಬರೆದಿದೀರಾ ಸಾರ್. ಮಾಡಿಲ್ಲ."

ನಿಮ್ಮ ಪರವಾಗಿದ್ದ ಒಂದೇ ಸಾಕ್ಷಿ ನಿಮ್ಮ ವಿರುದ್ಧ ತಿರುಗಿದ್ದು ಆಗಲೇ. ಆ ಮಧ್ಯಾಹ್ನ, ಶಾಪಿಂಗ್ ಕಾಂಪ್ಲೆಕ್ಸಿನ ಎದುರು ನಿಂತು ಕಾಫಿ ಕುಡಿಯುವ ಹೋಟೆಲಿನಲ್ಲಿ, ಲೋಟ ಕೆಳಗಿಟ್ಟು ಹೇಳಿದಿರಿ: "ನಮ್ಮಣ್ಣಂಗೂ ಹಿಂಗೇ ಶುರುವಾಗಿದ್ದು ಕಣಪ್ಪ. ಮಾಡದೆ ಇದ್ದಿದ್ದನ್ನ ಮಾಡ್ದೆ ಮಾಡ್ದೆ ಅನ್ನೋನು. ಕೊನೇಗೆ ಅತ್ತಿಗೆಗೇ ಯಾರಮ್ಮ ನೀನು ಅಂದ." ಆಮೇಲೆ, "ಶಾರದೆಗೆ ಹೇಳ್ಬೇಡ" ಎಂದಿರಿ. ಕಾಫಿ ಆರಿಹೋಗಿತ್ತು. ಅಥವಾ ಆರಿಹೋಗಿತ್ತೆಂದು ನಾನೀಗ ಸೇರಿಸುತ್ತಿರಬಹುದು. ನಿಮ್ಮ ಮಾತನ್ನು ಮಾತ್ರ ನಾನು ಸೇರಿಸಿಲ್ಲ.

ಅಲ್ಲಿಯವರೆಗೆ ನನ್ನದೇನೂ ತಪ್ಪಿರಲಿಲ್ಲ. ನನಗೂ ಏನೂ ಅರ್ಥವಾಗಿರಲಿಲ್ಲ. ಭಾನುವಾರ ಮಡಿವಾಳದ ಒಂದು ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ನಿಮಗಾಗಿಯೇ ಹುಡುಕಿದೆ, ಇದು ನಿಜ, ಆದರೆ ಇದರಿಂದ ಏನೂ ಹಗುರಾಗುವುದಿಲ್ಲ. ಎಲ್ಲೋ ಇನ್ಯಾವುದೋ ದೇಶದವನೊಬ್ಬ ಇದೇ ಗೋಳನ್ನು ಬರೆದುಕೊಂಡಿದ್ದ, ಮತ್ತೊಬ್ಬ ಅವನಿಗೆ ಉತ್ತರ ಕೊಟ್ಟಿದ್ದ. ರಾ ಫೋಟೊವನ್ನು ತಿದ್ದಿದರೆ ಫೋಟೊ ಬದಲಾಗುವುದೇ ಇಲ್ಲವಂತೆ. ಏನೇನು ತಿದ್ದಬೇಕು ಎಂಬುದಷ್ಟೇ ಪಕ್ಕದಲ್ಲಿ ಅದೇ ಹೆಸರಿನ ಒಂದು ಪುಟ್ಟ ಫೈಲಿನಲ್ಲಿ ಕೂತಿರುತ್ತದೆ — ನಿಮ್ಮ ನೋಟ್‌ಬುಕ್ಕಿನ ಸಾಲಿನ ಹಾಗೆಯೇ. ಆ ಪುಟ್ಟ ಫೈಲನ್ನು ಬಿಟ್ಟು ಬಂದರೆ ತಿದ್ದಿದ್ದು ಜೊತೆಗೆ ಬರುವುದಿಲ್ಲ. ಜೊತೆಗೆ ತಂದರೂ ಒಂದು ಸಾಫ್ಟ್‌ವೇರ್ ಬರೆದದ್ದನ್ನು ಇನ್ನೊಂದಕ್ಕೆ ಓದಲು ಬರುವುದಿಲ್ಲ. ಕೆಲಸ ಎಲ್ಲಿಗೂ ಹೋಗಿಲ್ಲ. ಅದೇ ಹಳೆಯ ಸಾಫ್ಟ್‌ವೇರಿನಲ್ಲಿ ತೆರೆದರೆ ಎಲ್ಲವೂ ಇದೆ.

ಡಿವಿಡಿ ನನ್ನ ಡ್ರಾಯರಿನಲ್ಲಿತ್ತು. ಪೂರ್ತಿ ಫೋಲ್ಡರು, ಪುಟ್ಟ ಫೈಲುಗಳೂ ಸೇರಿ.

ಸೋಮವಾರ ಬೆಳಗ್ಗೆ ಹೇಳಬೇಕಿತ್ತು. ನೀವು ಬಂದಿರಿ, ಟಿಫನ್ ಡಬ್ಬಿಯನ್ನು ಕಿಟಕಿಯ ಮೇಲಿಟ್ಟಿರಿ, "ಬಸವರಾಜು, ಹುಷಾರಪ್ಪಾ?" ಎಂದಿರಿ. ನಾನು "ಹೂಂರೀ ಸರ" ಎಂದೆ. ಅಷ್ಟೇ. ಮಧ್ಯಾಹ್ನ ಹೇಳೋಣ ಎಂದುಕೊಂಡೆ. ಮಧ್ಯಾಹ್ನ ನೀವು ಒಂದೊಂದು ಬಟನ್ ಒತ್ತುವ ಮೊದಲೂ ನನ್ನ ಕಡೆ ನೋಡತೊಡಗಿದಿರಿ. "ಇದು ಸೇವ್ ಆಯ್ತಾ ನೋಡಪ್ಪ." "ಇದು ಸರಿಯಾಯ್ತಾ?" ಮೂವತ್ತು ವರ್ಷ ಇಡೀ ಜಯನಗರದ ಮುಖಗಳಿಗೆ ಬಣ್ಣ ಕೂರಿಸಿದವರು ನನ್ನನ್ನು ಕೇಳುತ್ತಿದ್ದಿರಿ. ನಿಮಗೆ ಗೊತ್ತಿಲ್ಲದ ಒಂದು ಸಂಗತಿ ನನಗೊಬ್ಬನಿಗೇ ಗೊತ್ತಿತ್ತು. ಅದು ಸುಖವಾಗಿತ್ತು, ಸರ್. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ. ಇನ್ನೊಂದು ದಿನ ಇರಲಿ ಎನಿಸುವ ಸುಖ. ನಾಳೆ ಹೇಳುತ್ತೇನೆ, ನಾಡಿದ್ದು — ಹೀಗೆಯೇ ಎರಡು ವಾರ.

ಅಷ್ಟು ದಿನ ನಿಮಗಿದ್ದದ್ದು ನಿಮ್ಮ ಸಿಸ್ಟಮ್‌ನಿಂದಲೇ ಪ್ರಿಂಟಿಗೆ ಹೋಗುವ ಪಾಸ್‌ಪೋರ್ಟ್ ಫೋಟೊದ ಕೆಲಸವಷ್ಟೇ. ಆಗ ಅರೆಕೆರೆಯ ಸೀಮಂತ ಬಂತು. ಈ ಸಲ ಪ್ರತಿಯೊಂದು ಸಾಲಿನ ಪಕ್ಕದಲ್ಲೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದಿರಿ. ಎಲ್ಲ ಮುಗಿದ ಮೇಲೆ ನನ್ನನ್ನು ಕರೆದಿರಿ. "ಬಾರಪ್ಪ, ನೀನೇ ಒಂದ್ಸಲ ನೋಡು. ಎರಡು ಕಣ್ಣಿಗಿಂತ ನಾಲ್ಕು ಕಣ್ಣಿರ್ಲಿ."

ನಾನು ನಿಮ್ಮ ಕುರ್ಚಿಯಲ್ಲಿ ಕೂತೆ. ನೀವು ಪಕ್ಕದಲ್ಲಿ ನಿಂತಿರಿ. ಒಂದೊಂದಾಗಿ ದಾಟಿಸಿದೆ. ಹಸಿರು ಸೀರೆಯ ಬಸುರಿ, ಕೈ ತುಂಬ ಬಳೆ, ಹಿಂದೆ ಆರತಿ ತಟ್ಟೆ ಹಿಡಿದ ಅತ್ತೆ. ಆ ಹಸಿರು ಮುಖದ ಮೇಲೆ ಬೀಳದ ಹಾಗೆ ನೀವು ತಡೆದಿದ್ದಿರಿ. ಅದನ್ನು ಹೇಗೆ ಮಾಡಿದಿರೋ ನನಗೆ ಇವತ್ತಿಗೂ ಬರುವುದಿಲ್ಲ. ನೂರ ನಲವತ್ತಾರನ್ನೂ ನೋಡಿದೆ. "ಎಲ್ಲಾ ಆಗೇತ್ರೀ ಸರ" ಎಂದೆ. ನೀವು ಕನ್ನಡಕ ತೆಗೆದು ಶರಟಿನ ತುದಿಯಿಂದ ಒರೆಸಿಕೊಂಡಿರಿ.

ಆಮೇಲೆ ಡಿವಿಡಿಗೆ ಬರೆದು, ಫೋಟೊಗಳನ್ನು ಮಾತ್ರ ಆರಿಸಿಕೊಂಡು, ನಿಮ್ಮ ಸಿಸ್ಟಮ್‌ನಿಂದ ಎಲ್ಲವನ್ನೂ ಅಳಿಸಿದೆ. ಎಂದಿನ ಹಾಗೆಯೇ. ಮರುದಿನ ಏನಾಗುತ್ತದೆಂದು ತಿಳಿದೂ.

ಮರುದಿನ ಅದೇ ಆಯಿತು. ಗಿರೀಶ್ ಸರ್ ಈ ಸಲ ಕೂಗಾಡಲಿಲ್ಲ. "ಸಾರ್, ಹುಷಾರಿಲ್ವಾ? ಮನೇಲೇನಾದ್ರೂ ತೊಂದರೆನಾ?" ಎಂದು ಮೆಲ್ಲಗೆ ಕೇಳಿದರು. ಕೂಗಾಡಿದ್ದರೆ ನೀವು ಜಗಳಕ್ಕೆ ನಿಲ್ಲುತ್ತಿದ್ದಿರೇನೋ. ನೀವು ನನ್ನ ಕಡೆ ತಿರುಗಿದಿರಿ.

"ಬಸವರಾಜು ನೋಡಿದಾನೆ. ಅವನೇ ಕೂತು ಎಲ್ಲಾ ನೋಡಿದಾನೆ. ಅಲ್ವೇನಪ್ಪಾ? ನೋಡಿದ್ಯಲ್ಲ?"

"ನೋಡಿದ್ಯೇನೋ?" ಎಂದರು ಗಿರೀಶ್ ಸರ್.

ಎರಡು ವಾರದ ಮೌನವನ್ನು ಈಗ ಒಡೆದರೆ ಎರಡು ವಾರವೂ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಇಷ್ಟೇ ಹೊಳೆದದ್ದು. ನಿಮ್ಮ ಅಣ್ಣ ಹೊಳೆಯಲಿಲ್ಲ, ಆರಿದ ಕಾಫಿ ಹೊಳೆಯಲಿಲ್ಲ.

"ಒಂದೆರಡ ನೋಡಿರಬೇಕ್ರೀ ಸರ," ಎಂದೆ. "ನೆನಪಿಲ್ರೀ."

ಇದೇ ಆ ಮಾತು. ಮರೆವಿಗೆ ಹೆದರಿ ಕೂತವರ ಎದುರು ನಿಂತು, ಎಲ್ಲವೂ ನೆನಪಿದ್ದ ನಾನು, ನೆನಪಿಲ್ಲ ಎಂದೆ.

ನೀವು ನನ್ನ ಕಡೆ ನೋಡಿದಿರಿ. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ನಾನು ಸುಳ್ಳನೆಂದು ನಿಮಗೆ ಗೊತ್ತಾಗಿದೆ ಎಂದು ಅರ್ಥವಾಗುತ್ತಿತ್ತು. ನೀವು ನನ್ನನ್ನು ನಂಬಿದಿರಿ. "ಹಾಗಾದ್ರೆ ನಾನು ಕರೆದೇ ಇರ್ಲಿಲ್ವೇನೋ," ಎಂದಿರಿ. ಆಮೇಲೆ ಗಿರೀಶ್ ಸರ್‌ಗೆ: "ನಾಳೆಯಿಂದ ಬರಲ್ಲಪ್ಪ. ಜನರ ಸೀಮಂತ ಇದು. ನಾಳೆ ನಾನು ಫೋಟೊನೇ ಅಳಿಸಿಹಾಕಿದ್ರೆ ಇನ್ನೊಂದ್ಸಲ ಬಸುರಿ ಆಗಿ ಅನ್ನಕ್ಕಾಗುತ್ತಾ?" ಯಾರೂ ನಗಲಿಲ್ಲ. ಡಬ್ಬಿ ತೆಗೆದುಕೊಂಡಿರಿ. ನೋಟ್‌ಬುಕ್ ಮೇಜಿನ ಮೇಲೆಯೇ ಉಳಿಯಿತು.

ಇಲ್ಲಿ ಒಂದು ಚಿತ್ರ ನನ್ನ ತಲೆಯಲ್ಲಿದೆ. ನೀವು ಮೆಟ್ಟಿಲ ಬಳಿ ನಿಂತು, "ಬನಶಂಕರಿಗೆ ಯಾವ ಬಸ್ಸಪ್ಪಾ?" ಎಂದು ಕೇಳುತ್ತೀರಿ. ಅಷ್ಟು ವರ್ಷ ಹತ್ತಿದ ಬಸ್ಸು! ಪಾಪ, ನಿಜವಾಗಿಯೂ ಮರೆವು ಶುರುವಾಗಿತ್ತು — ಎಂದು ಈ ಚಿತ್ರ ನನಗೆ ಸಮಾಧಾನ ಹೇಳುತ್ತದೆ. ಎಷ್ಟು ಜನರಿಗೆ ಇದನ್ನು ಹೇಳಿದ್ದೇನೋ. ಇದು ಸುಳ್ಳು. ನೀವು ಏನೂ ಕೇಳಲಿಲ್ಲ. ಮೆಟ್ಟಿಲಿಳಿದು, ರಸ್ತೆ ದಾಟಿ, ನೇರವಾಗಿ ನಿಮ್ಮ ಬಸ್ ಸ್ಟಾಪಿಗೆ ಹೋದಿರಿ. ಕಿಟಕಿಯಿಂದ ನೋಡುತ್ತಿದ್ದೆ.

ನಿಮ್ಮ ಕುರ್ಚಿ ನನಗೆ ಬಂತು. ಒಂದು ತಿಂಗಳಾದ ಮೇಲೆ, ಎರಡೂ ಸಿಸ್ಟಮ್‌ಗೆ ಒಂದೇ ಸಾಫ್ಟ್‌ವೇರ್ ಇದ್ದರೆ ಒಳ್ಳೆಯದೆಂದು ಗಿರೀಶ್ ಸರ್‌ಗೆ ಹೇಳಿ ಹಾಕಿಸಿದೆ; ನಿಮ್ಮದರಲ್ಲಿ ಹಳೆಯದೂ ಹಾಗೇ ಉಳಿಯಿತು. ಯಾಕೆಂದು ಅವರು ಕೇಳಲಿಲ್ಲ. "ಸಖತ್ ಐಡಿಯಾ ಗುರು," ಎಂದರು.

ಎರಡು ವರ್ಷದ ಬಳಿಕ ನಿಮ್ಮ ಮನೆಗೆ ಬಂದೆ, ನಿಮ್ಮ ಮೊಮ್ಮಗಳ ನಾಮಕರಣಕ್ಕೆ. ಫೋಟೊ ತೆಗೆಯಲು ಕರೆದಿದ್ದರು. ತಾತನೇ ಯಾಕೆ ತೆಗೆಯುತ್ತಿಲ್ಲ ಎಂದು ಯಾರೋ ಕೇಳಿದರು. ನೀವು ಕೈ ಅಲ್ಲಾಡಿಸಿ ಒಳಗೆ ಹೋದಿರಿ. ಅಡುಗೆಮನೆಯ ಬಾಗಿಲಿನ ಹಿಂದೆ ಒಂದು ಹಾಳೆ ಅಂಟಿಸಿತ್ತು: ಗ್ಯಾಸ್, ನಲ್ಲಿ, ಬೀಗ; ಪ್ರತಿಯೊಂದರ ಮುಂದೆಯೂ ಕೆಂಪು ಗುರುತುಗಳ ಸಾಲು. ಶಾರದಮ್ಮನವರೇ, ಆವತ್ತು ನೀವು ನನಗೆ ಹೇಳಿದಿರಿ: "ಎರಡೆರಡು ಕಡೆ ತೋರಿಸಿದ್ವಪ್ಪ. ಏನೂ ಇಲ್ಲ, ಚೆನ್ನಾಗಿದಾರೆ ಅಂದ್ರು ಡಾಕ್ಟ್ರು. ಇವರೇ ನಂಬಲ್ಲ. ಒಬ್ರೇ ಎಲ್ಲಿಗೂ ಹೋಗಲ್ಲ. ಸ್ಟುಡಿಯೋದಲ್ಲಿ ಏನಾಯ್ತೋ ಏನೋ, ಅಲ್ಲಿಂದ ಹಿಂಗೆ."

ಏನಾಯಿತೆಂದು ಬಲ್ಲವನು ನಿಮ್ಮ ಎದುರೇ ಎಲೆಯ ಮುಂದೆ ಕೂತು ಹೋಳಿಗೆ ತಿನ್ನುತ್ತಿದ್ದ. "ಆರೋಗ್ಯ ನೋಡ್ಕೋರಿ," ಎಂದು ಹೇಳಿ ಎದ್ದು ಬಂದ.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಏನೂ ಇಲ್ಲ. ಹೇಳದೆ ಇದ್ದೆ, ಅಷ್ಟೆ. ಸ್ಟುಡಿಯೊ ಮುಚ್ಚಿದಾಗ ನಿಮ್ಮ ಹಳೆಯ ಸಿಸ್ಟಮ್, ಸೀಮಂತದ ಆ ಡಿವಿಡಿ, ಆ ನೋಟ್‌ಬುಕ್ ಮೂರನ್ನೂ ತಂದು ಮಂಚದ ಕೆಳಗೆ ಇಟ್ಟುಕೊಂಡೆ. ಯಾಕೆ ಎಸೆಯಲಿಲ್ಲವೋ — ಒಳ್ಳೆಯತನದಿಂದ ಎಂದು ಬರೆಯಲು ಕೈ ಹೋಗುತ್ತಿದೆ. ಬರೆಯುವುದಿಲ್ಲ.

ಇವತ್ತು ಬೆಳಗ್ಗೆ ಸಿಸ್ಟಮ್ ಹಾಕಿದೆ. ಮೂರನೆಯ ಪ್ರಯತ್ನಕ್ಕೆ ಎದ್ದಿತು. ಡಿವಿಡಿ ಹಾಕಿ, ನಿಮ್ಮ ಹಳೆಯ ಸಾಫ್ಟ್‌ವೇರಿನಲ್ಲೇ ತೆರೆದೆ. ಎಲ್ಲವೂ ಇತ್ತು. ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಸಾಲನ್ನೂ ಒಂದೊಂದು ಫೋಟೊವನ್ನೂ ತಾಳೆ ನೋಡಿದೆ. "೬೩ — ಸೀರೆ ಹಸಿರು ಕೆನ್ನೆಗೆ ಬಂದಿದೆ, ತೆಗಿ." ತೆಗೆದಿದ್ದೀರಿ. "೬೪ — ಅತ್ತೆಯ ಮುಖಕ್ಕೂ ಬೆಳಕು ಇರಲಿ." ಇದೆ, ಸರ್. ನೂರ ನಲವತ್ತಾರರವರೆಗೂ ಇದೆ.

ನಾಳೆ ಹತ್ತು ಗಂಟೆಗೆ ಇದನ್ನೆಲ್ಲ ಆಟೊದಲ್ಲಿ ಹಾಕಿಕೊಂಡು ನಿಮ್ಮ ಮನೆಗೆ ಬರುತ್ತೇನೆ. ಇವತ್ತೇ ಶಾರದಮ್ಮನವರಿಗೆ ಫೋನ್ ಮಾಡಿ ಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ಈ ಕಾಗದವನ್ನು ಅವರ ಕೈಗೆ ಕೊಟ್ಟು, ಸಿಸ್ಟಮ್ ಜೋಡಿಸಿ, ನಿಮ್ಮನ್ನು ಕುರ್ಚಿಯಲ್ಲಿ ಕೂರಿಸುತ್ತೇನೆ. ಈ ಸಲ ನಾನು ಪಕ್ಕದಲ್ಲಿ ನಿಲ್ಲುತ್ತೇನೆ. ಆಮೇಲೆ ನೀವು ಹೊರಗೆ ಹೋಗು ಎಂದರೆ ಹೋಗುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಟ್ಟುಬಿಡುವ ಸ್ವಭಾವ ನಿಮ್ಮದು.

ಅವತ್ತು ನೀವು ಕೇಳಿದ ಪ್ರಶ್ನೆಗೆ ಉತ್ತರವನ್ನು ಮಾತ್ರ ಮನೆಯವರೆಲ್ಲರ ಎದುರು ಹೇಳಿ ಹೋಗಬೇಕು. ನೋಡಿದ್ದೆ, ಸರ್. ನೀವು ಕರೆದಿದ್ದಿರಿ, ನಾನು ಕೂತು ಎಲ್ಲವನ್ನೂ ನೋಡಿದ್ದೆ.