ಹೀಟರಿಗೆ ಹೊಲಿದ ಕವರು

ಸಾರಕ್ಕಿಯಲ್ಲಿ ಲಕ್ಷ್ಮಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಲಕ್ಷ್ಮಮ್ಮ ಎನ್ನುತ್ತಾರೆ. ಕವರ್ ಲಕ್ಷ್ಮಮ್ಮ ಎಂದರೆ ಮಾತ್ರ ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ಬಂದು ಕೈ ತೋರಿಸುತ್ತಾರೆ. ಆಕೆಯ ಮನೆಯಲ್ಲಿ ಮಿಕ್ಸಿಗೆ ಕವರು, ಗ್ರೈಂಡರಿಗೆ ಕವರು, ಟೀವಿಗೆ ಕವರು, ಟೀವಿಯ ರಿಮೋಟಿಗೆ ಬೇರೆ ಕವರು. ಫ್ರಿಜ್ಜಿನ ಹಿಡಿಗೆ ಕುಚ್ಚು ಕಟ್ಟಿದ ಗವಸು, ಗ್ಯಾಸ್ ಸಿಲಿಂಡರಿಗೆ ನೆರಿಗೆಯಿಟ್ಟ ಲಂಗ. ಯಜಮಾನರು ಒಂದೇ ಕಡೆ ಹೆಚ್ಚು ಹೊತ್ತು ಕೂತರೆ ಅವರಿಗೂ ಅಳತೆ ತೆಗೆದುಬಿಡುತ್ತಾರೆ ಎಂದು ಮಹಡಿಯ ಬಾಡಿಗೆಯವರು ನಗುತ್ತಿದ್ದರು. ನಗುವವರಿಗೇನು, ಅವರು ಆ ಕಾಲದ ಧೂಳು ಕಂಡವರಲ್ಲ.

ಆಕೆ ಮದುವೆಯಾಗಿ ಬಂದಾಗ ಮನೆಯೆದುರು ರಾಗಿ ಹೊಲವಿತ್ತು. ಹೊಲ ಹೋಗಿ ಲೇಔಟ್ ಬಂತು. ಜಲ್ಲಿ ಲಾರಿಗಳು ಹಗಲಿಡೀ ಓಡಾಡಿದವು. ಸಾರಿನ ಪಾತ್ರೆಯಲ್ಲಿ, ಹಾಸಿಗೆಯಲ್ಲಿ, ಹರಕೆ ಹೊತ್ತು ಹೆತ್ತ ಮಗಳ ತೊಟ್ಟಿಲಲ್ಲಿ ಎಲ್ಲೆಲ್ಲೂ ಕೆಂಪು ಧೂಳು. ಗಂಡ ಚಿಕ್ಕಬೈರಪ್ಪ ಹೊಲದ ದುಡ್ಡಿನಲ್ಲಿ ಮಹಡಿ ಮನೆ ಕಟ್ಟಿಸಿ, ಹೆಂಡತಿಗೊಂದು ಹೊಲಿಗೆ ಮಿಷನ್ನು ತಂದುಕೊಟ್ಟ. ಆಕೆ ಕೂತು ಧೂಳಿಗೆ ಎದುರಾಗಿ ಹೊಲಿಯತೊಡಗಿದಳು. ರಸ್ತೆಗೆ ಡಾಂಬರು ಬಿದ್ದು ಧೂಳು ಅಡಗಿದ ಮೇಲೂ ಹೊಲಿಗೆ ನಿಲ್ಲಲಿಲ್ಲ. ವಸ್ತುಗಳಿಗೆ ಮುಸುಕು ಹಾಕಿ ಪಳಗಿದ ಕೈ ಮೆಲ್ಲಗೆ ಮಾತಿಗೂ ಹಾಕಲು ಕಲಿಯಿತು. ಮೈದುನ ಜಗಳವಾಡಿ ಪಾಲು ಕೇಳಿದ್ದು, ಮಗಳು ಒಂದು ವರ್ಷ ಫೇಲಾದದ್ದು, ಗಂಡ ಸಂಜೆಹೊತ್ತು ಕುಡಿಯುತ್ತಿದ್ದದ್ದು, ಯಾವುದೂ ಬಾಗಿಲು ದಾಟಲಿಲ್ಲ. ನಾಲ್ಕು ಜನ ನೋಡುವಂತೆ ಇರಬೇಕು ಎನ್ನುವುದು ಆಕೆಯ ಒಂದೇ ಛಲ. ಅದಕ್ಕಾಗಿ ಆಕೆಯನ್ನು ಬೈಯುವುದು ಸುಲಭ. ಆಕೆಯ ಜಾಗದಲ್ಲಿ ನಿಂತು ಬೈಯುವುದು ಕಷ್ಟ.

ಚಿಕ್ಕಬೈರಪ್ಪನ ಕಿಡ್ನಿಗಳು ಸೋತವು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಶುರುವಾಯಿತು. ಆಗ ಮಗಳು ಅರ್ಪಿತಳಿಗೆ ಜೆ.ಪಿ. ನಗರದ ಒಂದು ಸಂಬಂಧ ಹೆಚ್ಚುಕಡಿಮೆ ಕುದುರಿತ್ತು. ಹುಡುಗನ ಕಡೆಯವರಿಗೆ ಯಾರೋ ಸುದ್ದಿ ಮುಟ್ಟಿಸಿದರು. "ಕಿಡ್ನಿ ಖಾಯಿಲೆ ಮನೆತನದಲ್ಲಿ ಇಳೀತದಂತೆ, ಬೇಡ" ಎಂದು ಅವರು ತಾಂಬೂಲ ಬದಲಾಯಿಸುವ ವಾರದಲ್ಲೇ ಹಿಂದೆ ಸರಿದರು. ಚಿಕ್ಕಬೈರಪ್ಪ ಅಂದು ಊಟ ಮಾಡಲಿಲ್ಲ. "ನನ್ನಿಂದ ಮಗೀನ ಬಾಳು ಕೆಡ್ತಲ್ಲೇ ಲಚ್ಚಿ" ಎಂದು ಗೋಡೆ ಕಡೆ ತಿರುಗಿ ಮಲಗಿದ. ಇನ್ನು ಮುಂದೆ ಈ ಖಾಯಿಲೆ ಯಾರ ಕಣ್ಣಿಗೂ ಬೀಳಬಾರದು ಎಂದು ಲಕ್ಷ್ಮಮ್ಮ ಅಂದೇ ತೀರ್ಮಾನಿಸಿದಳು.

ಆದರೆ ಖಾಯಿಲೆಯ ಜೊತೆಗೆ ಚಳಿಯೂ ಬಂದಿತ್ತು. ಚೈತ್ರದ ಬಿಸಿಲಲ್ಲೂ ಅವನ ಕಾಲು ತಣ್ಣಗೆ. ಹೊಸದಾಗಿ ತಂದ ಬ್ಲೋವರ್ ಹೀಟರಿನ ಗಾಳಿ ಮೈಗೆ ತಾಗಿದರೆ ಅವನಿಗೆ ಇನ್ನಷ್ಟು ನಡುಕ. ಕನಕಪುರದ ಕಡೆ ರೇಷ್ಮೆ ಹುಳು ಮೇಯಿಸುತ್ತಿದ್ದ ಆಕೆಯ ತಮ್ಮ ಮಾರಯ್ಯ, ಹುಳುಮನೆಯ ಹಳೆಯ ಹೀಟರೊಂದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಮೊಣಕಾಲೆತ್ತರದ ತಗಡಿನ ಪೆಟ್ಟಿಗೆ. ಮೈಯೆಲ್ಲ ತುಕ್ಕು, ಮುಂದೆ ಸೊಟ್ಟ ಜಾಲರಿ, ಒಳಗೆ ದಪ್ಪ ಕಾಯಿಲ್ಲು. ಹಚ್ಚಿದರೆ ಒಣಗಿದ ಹುಳುವಿನ ವಾಸನೆ. ಲಕ್ಷ್ಮಮ್ಮನಿಗೆ ನೋಡಿದರೇ ಅಸಹ್ಯ. ಚಿಕ್ಕಬೈರಪ್ಪ ಮಾತ್ರ ಅದರೆದುರು ಅಂಗೈ ಚಾಚಿ ಕೂತು, "ಹಂಡೆ ಒಲೆ ಮುಂದೆ ಕೂತಂಗೈತೆ" ಎಂದು ಎಷ್ಟೋ ತಿಂಗಳ ಮೇಲೆ ನಕ್ಕ. ಮಲಗುವ ಕೋಣೆಯಲ್ಲಿ ಮಂಚದ ಪಕ್ಕ, ದಪ್ಪ ಪ್ಲಗ್ಗಿನ ಪಾಯಿಂಟಿನ ಕೆಳಗೆ ಅದು ನೆಲೆಯೂರಿತು.

ಬನಶಂಕರಿಯ ರವಿಕಿರಣನ ಸಂಬಂಧ ಬಂದದ್ದು ಆ ವರ್ಷ. ಹುಡುಗ ಹುಡುಗಿ ಒಪ್ಪಿದರು. ಹುಡುಗನ ತಾಯಿ ಜಯಮ್ಮ ಮನೆ ನೋಡಲು ಬರುತ್ತೇನೆಂದು ಹೇಳಿ ಕಳಿಸಿದಳು. ಅರ್ಪಿತ ಅಮ್ಮನ ಹತ್ತಿರ ಬಂದು ಕೂತಳು.

"ಅಮ್ಮ, ಅಪ್ಪನ ವಿಷ್ಯ ರವಿಗೆ ಹೇಳ್ಬಿಡ್ತೀನಿ. ಮುಚ್ಚಿಟ್ಟು ಮದ್ವೆ ಆಗೋದು ಚೆನ್ನಾಗಿರಲ್ಲ."

"ಹೇಳಿದ್ಕೆ ಒಂದು ಸಂಬಂಧ ಹೋಯ್ತು, ನೆಪ್ಪಿಲ್ವಾ? ತಾಳಿ ಬೀಳೋಗಂಟ ಬಾಯಿ ಬಿಟ್ರೆ ನನ್ನ ಆಣೆ."

ಮಗಳು ಮಾತಾಡದೆ ಎದ್ದು ಹೋದಳು. ಲಕ್ಷ್ಮಮ್ಮ ಅದನ್ನು ಒಪ್ಪಿಗೆ ಎಂದುಕೊಂಡಳು.

ಮಂಚದ ಪಕ್ಕ ಹೀಟರು ಕಂಡರೆ ಚಳಿ ಯಾರಿಗೆ ಎಂಬ ಮಾತೇಳುತ್ತದೆ ಎಂದು ಆಕೆ ಅದಕ್ಕೂ ಅಳತೆ ತೆಗೆದಳು. ತನ್ನ ಮದುವೆಯ ಹಳದಿ ರೇಷ್ಮೆ ಸೀರೆಯ ಸೆರಗು ಕತ್ತರಿಸಿ, ಒಳಗೆ ದಪ್ಪ ಬಟ್ಟೆ ಕೊಟ್ಟು, ನಾಲ್ಕು ಮೂಲೆಗೂ ಜರಿ ಹಚ್ಚಿ ನೆಲ ಮುಟ್ಟುವ ಹಾಗೆ ಹೊಲಿದಳು. ಆಕೆಯ ಕೈಯಿಂದ ಅಂಥ ಕವರು ಹಿಂದೆ ಬಂದಿರಲಿಲ್ಲ. ಬೀಗರು ಬರುವ ಮೊದಲು ಸ್ವಿಚ್ಚು ಆರಿಸಿ, ತಗಡು ತಣ್ಣಗಾದ ಮೇಲೆ ತೊಡಿಸಿದಳು. ಚಿಕ್ಕಬೈರಪ್ಪನಿಗೆ ಒಳಗೊಂದು ಉಣ್ಣೆಯ ಬನಿಯನ್ನು, ಮೇಲೊಂದು ತುಂಬುತೋಳಿನ ಬಿಳಿ ಶರ್ಟು. ಡಯಾಲಿಸಿಸ್ ಸೂಜಿಗೆಂದು ಎಡಗೈಯಲ್ಲಿ ಮಾಡಿದ್ದ ನರದ ಉಬ್ಬು ತೋಳಿನೊಳಗೆ ಅಡಗಿತು.

ಜಯಮ್ಮ ಒಳ್ಳೆಯ ಹೆಂಗಸು. ಅಡುಗೆಮನೆ ನೋಡಿ ಹೊಗಳಿದಳು, ಸಿಲಿಂಡರಿನ ಲಂಗ ನೋಡಿ ನಕ್ಕಳು. ಮಲಗುವ ಕೋಣೆಗೆ ಬಂದವಳು ಹಳದಿ ರೇಷ್ಮೆಯ ಎದುರು ನಿಂತುಬಿಟ್ಟಳು.

"ಇದೇನು ಲಕ್ಷ್ಮಮ್ಮೋರೇ, ಇಷ್ಟು ಚೆನ್ನಾಗಿ ಮುಚ್ಚಿದೀರಾ?" ಎಂದು ಕೈ ಚಾಚಿದಳು.

ಆ ಕೈ ಕವರನ್ನು ಎತ್ತಿಬಿಡುತ್ತದೆ ಎನ್ನುವಷ್ಟರಲ್ಲಿ ಲಕ್ಷ್ಮಮ್ಮನ ಬಾಯಿಂದ ಬಂತು: "ಮುಟ್ಬೇಡಿ ಅಕ್ಕ. ಅದು ನಮ್ಮ ತವರಿನ ಸಪ್ಪಲಮ್ಮನ ಪೆಟ್ಟಿಗೆ. ವರ್ಷಕ್ಕೊಂದೇ ಸಲ ತೆಗಿಯೋದು."

ಗ್ರಾಮದೇವತೆಯ ಒಡವೆ ಮುಖವಾಡಗಳನ್ನು ಪೆಟ್ಟಿಗೆಯಲ್ಲಿಟ್ಟು ಮನೆಯಲ್ಲಿ ಕಾಯುವುದು ಆ ಸೀಮೆಯಲ್ಲಿ ಇರುವ ರೂಢಿ. ಆ ಪೆಟ್ಟಿಗೆಯನ್ನು ಕಂಡಕಂಡವರು ತೆಗೆಯುವಂತಿಲ್ಲ. ಜಯಮ್ಮ ಕೈ ಹಿಂದಕ್ಕೆ ಎಳೆದುಕೊಂಡು ಕೆನ್ನೆ ಬಡಿದುಕೊಂಡಳು. ಮುಡಿಯಿಂದ ಒಂದು ತುಂಡು ಮಲ್ಲಿಗೆ ತೆಗೆದು ಕವರಿನ ಮೇಲಿಟ್ಟು, "ತಾಯಿ, ಇಬ್ರೂ ಮಕ್ಳನ್ನ ಕಾಪಾಡವ್ವ" ಎಂದು ಅಡ್ಡಬಿದ್ದಳು. ಬೀಗರು ಹೋದ ಮೇಲೆ ಲಕ್ಷ್ಮಮ್ಮ ದೇವರ ಗೂಡಿನ ಮುಂದೆ ಕೂತು ನಿಜವಾದ ಸಪ್ಪಲಮ್ಮನಿಗೆ ತಪ್ಪುಕಾಣಿಕೆ ಕಟ್ಟಿದಳು. ಮುಂದಿನ ಹಾಲಿನಲ್ಲಿ ಕೂತು ಹಲ್ಲು ಕಟಕಟಿಸುತ್ತಿದ್ದ ಚಿಕ್ಕಬೈರಪ್ಪ, "ನಿಮ್ಮ ಸಪ್ಪಲಮ್ಮ ರೇಷ್ಮೆ ಹೊದ್ದು ಬೆಚ್ಚಗವ್ಳೆ. ನಂಗೇ ಕಣೇ ಚಳಿ" ಎಂದ. ಇಬ್ಬರೂ ನಕ್ಕರು. ಆ ನಗು ಅಲ್ಲಿಗೇ ಮುಗಿಯಬಹುದಿತ್ತು.

ಬನಶಂಕರಿಯೇನು ಸಾರಕ್ಕಿಗೆ ದೂರವೇ? ಜಯಮ್ಮ ಸೀರೆ ತೋರಿಸಲು ಬಂದಳು, ಲಗ್ನದ ಓಲೆಯ ಮಾತಾಡಲು ಬಂದಳು, ಮಂಗಳವಾರ ಶುಕ್ರವಾರ ಸಪ್ಪಲಮ್ಮನಿಗೆ ಹೂವಿಡಲೆಂದೇ ಬಂದಳು. ಬಂದಾಗಲೆಲ್ಲ ಚಕ್ಕುಲಿಯೋ ಪಲ್ಯವೋ ತರುತ್ತಿದ್ದಳು. ಒಂದಕ್ಕೂ ಉಪ್ಪಿಲ್ಲ. ಇಷ್ಟು ವಯಸ್ಸಾದರೂ ಈಯಮ್ಮನಿಗೆ ಉಪ್ಪಿನ ಹದ ತಿಳಿಯದಲ್ಲ ಎಂದು ಲಕ್ಷ್ಮಮ್ಮ ಒಳಗೊಳಗೇ ಆಡಿಕೊಂಡಳು. ಗೇಟಿನ ಸದ್ದಾದರೆ ಸಾಕು, ಓಡಿಹೋಗಿ ಸ್ವಿಚ್ಚು ಆರಿಸಬೇಕು. ತಗಡು ಆರುವವರೆಗೆ ಬಂದವರನ್ನು ಹಾಲಿನಲ್ಲೇ ಮಾತಿನಲ್ಲಿ ಹಿಡಿದಿಡಬೇಕು. ಚಿಕ್ಕಬೈರಪ್ಪ ಹಾಸಿಗೆಯಿಂದೆದ್ದು ಶರ್ಟು ತೊಟ್ಟು ಬಂದು ಕುರ್ಚಿಯಲ್ಲಿ ಕೂರಬೇಕು. ಅವನು ಒಂದು ದಿನವೂ ಆಗುವುದಿಲ್ಲ ಎನ್ನಲಿಲ್ಲ. ನಡುಗುವ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಬೀಗಿತ್ತಿಯ ಜೊತೆ ನಗುನಗುತ್ತ ಮಾತಾಡುತ್ತಿದ್ದ.

"ಬೇರೆ ಏನಾರ ಹೇಳ್ಬೋದಿತ್ತು ನಾನು" ಎಂದು ಒಮ್ಮೆ ಲಕ್ಷ್ಮಮ್ಮ ಅವನ ಪಾದ ತಿಕ್ಕುತ್ತ ಅತ್ತಳು.

"ಆಯ್ತು ಬಿಡು. ಮದ್ವೆ ಒಂದು ದಾಟ್ಲಿ. ಆಮೇಲೆ ಇಬ್ರೂ ಅದ್ರ ಮುಂದೆ ಕೂತ್ಕೊಳಾನ" ಎಂದ ಅವನು.

ಮದುವೆ ಕಾರ್ತಿಕದಲ್ಲಿ. ಸಮುದ್ರದಲ್ಲಿ ಎಲ್ಲೋ ಚಂಡಮಾರುತ ಎದ್ದು ಬೆಂಗಳೂರಿಗೆ ಸೂರ್ಯನೇ ಕಾಣದ ತುಂತುರು ಹಿಡಿದುಕೊಂಡಿತ್ತು. ಮನೆ ಮುಂದೆ ಚಪ್ಪರ ಎದ್ದಿತು, ನೆಂಟರು ತುಂಬಿದರು. ದೇವರ ಪೆಟ್ಟಿಗೆಯ ಸುದ್ದಿ ಜಯಮ್ಮನ ಬಾಯಿಂದ ಎರಡೂ ಕಡೆಯವರಿಗೆ ಹರಡಿತ್ತು. ಹೆಂಗಸರು ಸಾಲಾಗಿ ಬಂದು ಅರಿಶಿನ ಕುಂಕುಮವಿಟ್ಟರು, ಮಡಿಲಕ್ಕಿ ಇಟ್ಟರು, ದೀಪ ಹಚ್ಚಿಟ್ಟರು. ತಾಯಿಯ ಹತ್ತಿರ ಮಲಗಿದರೆ ಒಳ್ಳೆಯದೆಂದು ಮುದುಕಿಯರು ಆ ಕೋಣೆಯಲ್ಲೇ ಹಾಸಿಕೊಂಡರು. ಮಾರಯ್ಯ ಬಂದವನು ಬಾಗಿಲಲ್ಲೇ ಬೆಚ್ಚಿ ನಿಂತ.

"ಅಕ್ಕ, ಅದು ನನ್ನ ಹುಳುಮನೆ..."

"ಸುಮ್ನಿರೋ. ನಿನ್ನ ಕಾಲಿಗೆ ಬೀಳ್ತೀನಿ" ಎಂದಳು ಲಕ್ಷ್ಮಮ್ಮ. ಕೋಣೆ ಮುದುಕಿಯರ ಪಾಲಾದ್ದರಿಂದ ಚಿಕ್ಕಬೈರಪ್ಪನಿಗೆ ಹಾಲಿನಲ್ಲಿ, ತೆರೆದ ಬಾಗಿಲಿನ ಗಾಳಿಗೆ ಹಾಸಿಗೆಯಾಯಿತು. ಎಷ್ಟು ರಗ್ಗು ಹೊದೆಸಿದರೂ ರಗ್ಗಿನ ಕೆಳಗೆ ಅವನು ನಡುಗುವುದು ಕಾಣುತ್ತಿತ್ತು. ಮಗಳು ಹೋಗುವ ಸಂಕಟಕ್ಕೆ ಹೀಗಾಗಿದೆ ಎಂದು ಆಕೆ ಕೇಳಿದವರಿಗೆಲ್ಲ ಹೇಳಿದಳು.

ಧಾರೆಯ ಹೊತ್ತಿಗೆ ಅವನ ಮೈ ಸುಡುತ್ತಿತ್ತು. ಆದರೂ ಬೊಗಸೆ ಅಲುಗದ ಹಾಗೆ ಹಿಡಿದು ಮಗಳನ್ನು ಧಾರೆಯೆರೆದುಕೊಟ್ಟ. ಹೊಸ ಗಂಡಹೆಂಡತಿ ಮನೆದೇವರಿಗೆ, ಅಲ್ಲಿಂದ ಘಟ್ಟದ ಕೆಳಗಿನ ಕ್ಷೇತ್ರಗಳಿಗೆ ಹೊರಟರು. ಜ್ವರ ಎದೆಗಿಳಿದು ಚಿಕ್ಕಬೈರಪ್ಪನನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಲಕ್ಷ್ಮಮ್ಮ ಮಗಳಿಗೆ ಫೋನಿನಲ್ಲಿ ಹೇಳಿದ್ದು, "ಅಪ್ಪ ಚೆನ್ನಾಗವ್ರೆ, ಮಲ್ಗವ್ರೆ. ನೀವು ಎಲ್ಲಾ ದೇವ್ರೂ ನೋಡ್ಕಂಡೇ ಬನ್ನಿ." ಅವನು ಕೊನೆಗೆ ಆಡಿದ್ದು ಒಂದೇ ಮಾತು: "ಎಲ್ರೂ ಹೋದ್ರಾ? ಅದನ್ನ ಹಚ್ಚು." ಅಲ್ಲಿ ಹಚ್ಚಲು ಏನೂ ಇರಲಿಲ್ಲ. ಆಕೆ ಅವನ ಕೈ ಎರಡನ್ನೂ ತನ್ನ ಸೆರಗಿನಲ್ಲಿ ಸುತ್ತಿ ಹಿಡಿದಳು. ಸಂಜೆಗೆ ಅವನು ಹೋದ.

ಮಗಳು ಅಳಿಯ ಬಂದು ಸೇರುವವರೆಗೆ ಹೆಣ ಇಡಬೇಕಲ್ಲ. ಬೆಳಿಗ್ಗೆ ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ ಬಂತು. ಹಾಲಿನ ನಡುವೆ ಇಟ್ಟು, ಅಲ್ಲಿ ಇದ್ದ ಒಂದೇ ದಪ್ಪ ಪಾಯಿಂಟಿಗೆ ಪ್ಲಗ್ಗು ಚುಚ್ಚಿದರು. ಗಾಜಿನ ಒಳಗಡೆ ಮಂಜು ಹಿಡಿಯತೊಡಗಿತು. ಲಕ್ಷ್ಮಮ್ಮ ಅದರ ಪಕ್ಕ ಕೂತು ಸೆರಗಿನಿಂದ ಗಾಜು ಒರೆಸಿದಳು. ಮಂಜು ಒಳಗಿತ್ತು, ಹೋಗಲಿಲ್ಲ. ಆಕೆ ಅಳುತ್ತಿರಲಿಲ್ಲ. ಚಪ್ಪರದ ಮಾವಿನ ತೋರಣ ಇನ್ನೂ ಬಾಗಿಲಲ್ಲಿತ್ತು.

ಜಯಮ್ಮ ಓಡಿಬಂದು ತಬ್ಬಿಕೊಂಡಳು. "ಎಂಥಾ ಮನ್ಷ ಹೋಗ್ಬಿಟ್ರು! ಡಯಾಲಿಸಿಸ್ ಮಾಡಿಸ್ಕೊಂಡೂ ಮಗಳ ಮದ್ವೆಲಿ ಹೆಂಗೆ ಓಡಾಡಿದ್ರು" ಎಂದು ಅತ್ತಳು.

ಲಕ್ಷ್ಮಮ್ಮ ಮುಖವೆತ್ತಿದಳು. "ಡಯಾಲಿಸಿಸ್ಸು ಅಂತ ನಿಮ್ಗೆ ಯಾರು ಹೇಳಿದ್ರು?"

"ಅರ್ಪಿತ ರವಿಗೆ ಮೊದಲ್ನೇ ವಾರವೇ ಹೇಳಿದ್ಲಂತೆ. ರವಿ ನಂಗೆ ಹೇಳ್ದ. ಯಾರಿಗ್ ಬರಲ್ಲ ಖಾಯಿಲೆ, ಅದಕ್ಕೆಲ್ಲಾ ಸಂಬಂಧ ಬಿಡ್ತಾರಾ ಅಂದೆ. ನೀವು ಹೇಳ್ದೆ ಇರೋದ ನಾವಾಗ್ ನಾವೇ ಎತ್ತಿದ್ರೆ ನಿಮ್ಗೆ ಮುಖ ಇರಲ್ವಲ್ಲ ಅಂತ ಸುಮ್ನಿದ್ದೆ. ನಂಗೆ ಗೊತ್ತಿರೋದು ಅರ್ಪಿತಂಗೂ ತಿಳೀಬಾರ್ದು ಅಂತ ರವಿ ಬಾಯಿ ಕಟ್ಟಿದ್ದೆ. ಅದಕ್ಕೇ ಅಲ್ವಾ ಅಕ್ಕ, ಬರೋವಾಗೆಲ್ಲಾ ಉಪ್ಪು ಹಾಕ್ದೆ ಮಾಡ್ಕೊಂಡು ಬರ್ತಿದ್ದೆ."

ಲಕ್ಷ್ಮಮ್ಮ ಗೋಡೆ ಹಿಡಿದು ಎದ್ದು ಮಲಗುವ ಕೋಣೆಗೆ ಹೋದಳು. ಒಣಗಿದ ಹೂವು, ಮಡಿಲಕ್ಕಿ, ಎಣ್ಣೆ ಆರಿದ ದೀಪ ಎಲ್ಲವನ್ನೂ ಕೈಯಿಂದ ಬದಿಗೆ ಸರಿಸಿದಳು. ಪೆಟ್ಟಿಗೆಯನ್ನು ಕವರಿನ ಸಮೇತ ನೆಲದ ಮೇಲೆ ಎಳೆಯತೊಡಗಿದಳು. ತಗಡು ಕರಕರ ಎನ್ನುತ್ತಿತ್ತು. "ದೇವರ ಪೆಟ್ಟಿಗೆ, ಸೂತಕದಲ್ಲಿ ಮುಟ್ಬಾರ್ದು" ಎಂದು ಮುದುಕಿಯೊಬ್ಬಳು ಕೂಗಿದಳು. ಆಕೆ ನಿಲ್ಲಲಿಲ್ಲ. ಹಾಲಿನ ನಡುವಿಗೆ, ಗಂಡನ ಕಾಲಿನ ಕಡೆಗೆ ತಂದು ನಿಲ್ಲಿಸಿ, ಎಲ್ಲರೆದುರು ಕವರು ತೆಗೆದಳು. ತುಕ್ಕು ಹಿಡಿದ ಹೀಟರು, ಸೊಟ್ಟ ಜಾಲರಿ. ಕವರಿನಿಂದ ಉದುರಿದ ಕುಂಕುಮ ಜಾಲರಿಯ ಸಂದಿಯಲ್ಲಿ.

ಜಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ತಾನು ಹೂವಿಟ್ಟದ್ದು ಯಾವುದಕ್ಕೆ, ತಾನು ಬಂದಾಗಲೆಲ್ಲ ಆ ಮನುಷ್ಯ ಕೈಗಳನ್ನು ತೊಡೆಯ ಕೆಳಗೆ ಯಾಕೆ ಒತ್ತಿಕೊಂಡು ಕೂರುತ್ತಿದ್ದ ಎಂಬುದು ಹೊಳೆದಾಗ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕುಸಿದಳು.

ಲಕ್ಷ್ಮಮ್ಮ ಬಗ್ಗಿ ಫ್ರೀಜರಿನ ಪ್ಲಗ್ಗು ಕಿತ್ತಳು. ಅದರ ಜಾಗದಲ್ಲಿ ಹೀಟರಿನದನ್ನು ಚುಚ್ಚಿ ಸ್ವಿಚ್ಚು ಒತ್ತಿದಳು. ಫ್ರೀಜರ್ ಪೆಟ್ಟಿಗೆ ತಂದವನು, "ಅಮ್ಮ, ಹಂಗೆಲ್ಲ ಮಾಡ್ಬಾರ್ದು, ಬಾಡಿ ಕೆಡ್ತದೆ" ಎಂದು ಮುಂದೆ ಬಂದ. ಮಾರಯ್ಯ ಅವನ ರಟ್ಟೆ ಹಿಡಿದು ನಿಲ್ಲಿಸಿದ.

"ಒಸಿ ಹೊತ್ತು ಇರ್ಲಿ" ಎಂದಳು ಲಕ್ಷ್ಮಮ್ಮ, ಯಾರ ಮುಖವನ್ನೂ ನೋಡದೆ. "ಇನ್ನೇನು, ಎಲ್ರಿಗೂ ಗೊತ್ತಾಯ್ತಲ್ಲ."

ಕಾಯಿಲ್ಲು ಮೆಲ್ಲಗೆ ಕೆಂಪಾಯಿತು. ಹುಳುವಿನ ವಾಸನೆ ಹಾಲಿನಲ್ಲೆಲ್ಲ ಹರಡಿತು. ಗಾಜಿನ ಒಳಗಿನ ಮಂಜು ಕಾಲಿನ ಕಡೆಯಿಂದ ಕರಗಿ ಇಳಿಯತೊಡಗಿತು. ಆಕೆ ಹೀಟರಿನ ಮುಂದೆ, ಗಂಡನ ಪಕ್ಕ, ಅಂಗೈ ಚಾಚಿಕೊಂಡು ಕೂತಳು.